ನೆಟಿಗೆಯಣ್ಣನ ನರ ಪರೀಕ್ಷೆ

ನೆಟಿಗೆಯಣ್ಣ ಆ ಬೆಳಿಗ್ಗೆ ಮಾಡಿದ ತಪ್ಪು ಒಂದೇ. ತನ್ನ ನರ ಪರೀಕ್ಷೆಯ ವರದಿಯನ್ನು ಸಲೂನಿನ ದಿನಪತ್ರಿಕೆಯೊಳಗೆ ಬಚ್ಚಿಟ್ಟ.

ಬಚ್ಚಿಡಲು ಪ್ರಪಂಚದಲ್ಲಿ ಬೇರೆ ಜಾಗವೇ ಇರಲಿಲ್ಲವೇ ಎಂದು ನೀವು ಕೇಳಬಹುದು. ಅವನ ಹೆಂಡತಿಯೂ ಆಮೇಲೆ ಅದನ್ನೇ ಕೇಳಿದಳು. ವರದಿಯಲ್ಲಿ ಎರಡು ಹಾಳೆ. ಹೆಸರಿದ್ದ ಮೊದಲ ಹಾಳೆಯನ್ನು ಮಡಚಿ ಅಂಗಿಯ ಜೇಬಿಗೆ ಸೇರಿಸಿದ್ದ. ಫಲಿತಾಂಶವಿದ್ದ ಎರಡನೆಯದನ್ನು ಮಾತ್ರ, ಗಿರಾಕಿಗಳ ನಡುವೆ ಬಿಡುವು ಸಿಕ್ಕಾಗ ಕದ್ದು ನೋಡೋಣ ಎಂದು ಪತ್ರಿಕೆಯೊಳಗೆ ತೂರಿಸಿದ. ನೋಡಿದವರು ಅಣ್ಣ ಸುದ್ದಿ ಓದುತ್ತಿದ್ದಾನೆ ಎಂದುಕೊಳ್ಳಬೇಕು. ಉಪಾಯವೇನೋ ಚೆನ್ನಾಗಿತ್ತು. ಆದರೆ ಆ ಸಲೂನಿನಲ್ಲಿ ಪತ್ರಿಕೆ ಓದುವ ಹಕ್ಕು ನಿವೃತ್ತ ಇಂಗ್ಲಿಷ್ ಮೇಷ್ಟ್ರಿಗೆ ಸೇರಿದ್ದು, ಅವರು ಓದಿದರೆ ಬೀದಿಯ ಆಚೆ ಬದಿಗೂ ಕೇಳುತ್ತದೆ ಎಂಬುದನ್ನು ಅವನು ಮರೆತುಬಿಟ್ಟ.

ಅವನಿಗೆ ಆ ಹೆಸರು ಬಂದದ್ದು ಅವನ ಕೈಗುಣದಿಂದ. ಕಟಿಂಗ್ ಆಗಲಿ, ಶೇವಿಂಗ್ ಆಗಲಿ, ಕೊನೆಯಲ್ಲಿ ಗಿರಾಕಿಯ ಗದ್ದಕ್ಕೊಂದು ಕೈ, ನೆತ್ತಿಗೊಂದು ಕೈ ಕೊಟ್ಟು ಆ ಕಡೆ ಒಂದು ಲಟಕ್, ಈ ಕಡೆ ಒಂದು ಲಟಕ್ ಎಂದು ಕತ್ತಿನ ನೆಟಿಗೆ ತೆಗೆಯುತ್ತಿದ್ದ. ಅದು ಪುಕ್ಕಟೆ. ಎದುರು ಸಾಲಿನಲ್ಲಿ ತಣ್ಣನೆ ಗಾಳಿಯ, ಹಾಡು ಹಾಕುವ ಹೊಸ ಸಲೂನು ಬಂದರೂ ಇವನ ಬೆಂಚು ಖಾಲಿಯಾಗದೆ ಉಳಿದದ್ದು ಆ ಎರಡು ಲಟಕ್‌ಗಳ ಪುಣ್ಯದಿಂದ.

ಊರಿನವರ ಕತ್ತನ್ನೆಲ್ಲ ನೆಟ್ಟಗೆ ಮಾಡಿದವನ ಕತ್ತೇ ಈಗ ಕೈಕೊಟ್ಟಿತ್ತು. ನೋವು ಕತ್ತಿನಿಂದ ಹೊರಟು ಬಲ ಹೆಗಲಿಗಿಳಿದು, ತೋಳು ದಾಟಿ, ಹೆಬ್ಬೆರಳಿಗೂ ತೋರುಬೆರಳಿಗೂ ಬಂದು ಜುಮ್ಮೆನ್ನುತ್ತಿತ್ತು. ರೇಜರ್ ಹಿಡಿಯುವ ಬೆರಳುಗಳೇ ಅವು. ಅವನ ಭಯವೂ ಅಲ್ಲೇ ಇತ್ತು. ಕೈ ಜುಮ್ಮೆನ್ನುವ ಗುಮಾಸ್ತನಿಗೆ ರಜೆ ಸಿಗುತ್ತದೆ; ಕೈ ಜುಮ್ಮೆನ್ನುವವನ ರೇಜರಿಗೆ ಗಂಟಲೊಡ್ಡುವ ಧೀರ ಎಲ್ಲಿ ಸಿಗುತ್ತಾನೆ? ಸುದ್ದಿ ಹೊರಬಿದ್ದರೆ ಅಂಗಡಿಗೆ ಬೀಗವೇ ಗತಿ. ಹೀಗಾಗಿ ಹೆಂಡತಿಗೆ ಬಿಟ್ಟರೆ ಯಾರಿಗೂ ಬಾಯಿ ಬಿಡದೆ ಊರಿನ ಒಬ್ಬರೇ ನರದ ಡಾಕ್ಟರ ಬಳಿ ಹೋಗಿ, ಕೈಗೆ ಕರೆಂಟು ಕೊಡಿಸಿಕೊಂಡು, ಸೂಜಿ ಚುಚ್ಚಿಸಿಕೊಂಡು ಬಂದಿದ್ದ.

ಅಂದು ಕುರ್ಚಿಯಲ್ಲಿ ಕೂತಿದ್ದವರು ಬಸ್ ಡಿಪೋದ ಮ್ಯಾನೇಜರು. ಎಡಗೆನ್ನೆ ನುಣ್ಣಗಾಗಿತ್ತು, ಬಲಗೆನ್ನೆಯ ತುಂಬ ನೊರೆ. ಬೆಂಚಿನ ಮೇಲೆ ಪಕ್ಕದಂಗಡಿಯ ದರ್ಜಿ ಇದ್ದ. ಹೊಲಿಗೆ ಮೆಷಿನ್ನಿನ ಮುಂದೆ ಕೂತದ್ದಕ್ಕಿಂತ ಅವನು ಈ ಬೆಂಚಿನ ಮೇಲೆ ಕೂತದ್ದೇ ಹೆಚ್ಚು. ಮೇಷ್ಟ್ರು ಬಂದರು, ಕನ್ನಡಕ ಒರೆಸಿದರು, ಪತ್ರಿಕೆ ಕೊಡವಿದರು. ಹಾಳೆ ನೇರ ಅವರ ಮಡಿಲಿಗೆ ಬಿತ್ತು.

“ಇದೇನಿದು?” ಎಂದವರೇ ಶುರು ಮಾಡಿದರು. ಕೈಗೆ ಸಿಕ್ಕಿದ್ದನ್ನು ಓದದೆ ಬಿಡುವ ಜಾಯಮಾನ ಅವರದಲ್ಲ. ಮೊದಲು ಇಂಗ್ಲಿಷಿನ ಸಾಲು, ಆಮೇಲೆ ಕನ್ನಡದಲ್ಲಿ ಭಾವಾರ್ಥ, ಥೇಟು ತರಗತಿಯಲ್ಲಿ ಮಾಡುತ್ತಿದ್ದ ಹಾಗೆ. “ನರ ಪರೀಕ್ಷೆಯ ಫಲಿತಾಂಶ. ಬಲಗೈಯಲ್ಲಿ ನೋವು, ಜುಮ್ಮೆನ್ನುವುದು. ಕೈಯ ನರಗಳಲ್ಲಿ ಕರೆಂಟು ಹರಿಯುವ ವೇಗ, ನಾರ್ಮಲ್. ಸ್ಪರ್ಶದ ನರ, ಅದೂ ನಾರ್ಮಲ್.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನೆಟಿಗೆಯಣ್ಣ ನಿಜವಾಗಿಯೂ ಬಲ ಹೆಗಲು ಮುಟ್ಟಿಕೊಂಡ.

“ಎಲ್ಲಾ ನಾರ್ಮಲ್ಲಾ?” ದರ್ಜಿ ನಕ್ಕ. “ಹಾಗಾದ್ರೆ ಇವನಿಗೆ ಏನೂ ಇಲ್ಲ ಬಿಡಿ ಮೇಷ್ಟ್ರೇ. ಕೆಲಸ ತಪ್ಪಿಸ್ಕೊಳ್ಳೋಕೆ ನಾಟಕ. ಯಾರೋ ಮೈಗಳ್ಳ.”

ನೆಟಿಗೆಯಣ್ಣನಿಗೆ ರೇಗಿಹೋಯಿತು. ರಾತ್ರಿಯೆಲ್ಲ ದಿಂಬು ಎತ್ತಿಟ್ಟು, ಇಳಿಸಿಟ್ಟು, ಕೊನೆಗೆ ದಿಂಬಿನ ಮೇಲೇ ಸಿಟ್ಟು ಮಾಡಿಕೊಂಡು ಕಳೆದದ್ದು ನಾಟಕವೇ?

“ತಾಳಪ್ಪಾ, ಇನ್ನೂ ಇದೆ,” ಎಂದು ಮೇಷ್ಟ್ರು ಬೆರಳೆತ್ತಿದರು. “ಸೂಜಿ ಪರೀಕ್ಷೆ. ಸಿ-ಆರು ನರದ ಬೇರಿಗೆ ಸೇರಿದ ಸ್ನಾಯುಗಳಲ್ಲಿ ಡಿನರ್ವೇಷನ್. ಅಂದ್ರೆ... ನರ ಕಿತ್ತುಹೋಗಿದೆ!”

“ನರ ಕಿತ್ತೋದ್ಮೇಲೆ ಕೈ ಅಲ್ಲಾಡುತ್ತಾ ಮೇಷ್ಟ್ರೇ?” ಎಂದು ದರ್ಜಿ ಕೇಳಿದ.

ಗೊತ್ತಿಲ್ಲ ಎಂಬ ಮಾತು ಮೇಷ್ಟ್ರ ಬಾಯಲ್ಲಿ ಯಾವತ್ತೂ ಬಂದದ್ದಿಲ್ಲ. “ಅಲ್ಲಾಡುತ್ತೆ. ಆದ್ರೆ ನಾವು ಹೇಳಿದ ಕಡೆ ಅಲ್ಲ,” ಎಂದು ತೀರ್ಪು ಕೊಟ್ಟರು.

ಮ್ಯಾನೇಜರ ಗದ್ದದ ಕೆಳಗೆ ರೇಜರ್ ನಿಂತಿತ್ತು. ಅವರು ತುಟಿ ಅಲ್ಲಾಡಿಸದೆ ಕೇಳಿದರು: “ಇದು ಯಾರದಪ್ಪಾ? ನಿನ್ನ ಪೇಪರೊಳಗೆ ಹೇಗೆ ಬಂತು?”

“ಅದು... ನಮ್ ಭಾವಮೈದುನಂದು ಸಾರ್.”

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ನೆಟಿಗೆಯಣ್ಣನಿಗೆ ಸಿಕ್ಕಿದ್ದು ಅರ್ಧ ನಿಮಿಷ. ಭಾವಮೈದುನ ಬಸ್ ಡ್ರೈವರ್ ಎಂಬುದೂ, ಆ ಬಸ್ಸಿನ ಡಿಪೋ ಇದೇ ಮ್ಯಾನೇಜರದು ಎಂಬುದೂ ಅವನಿಗೆ ನೆನಪಾದದ್ದು ಮಾತು ಬಾಯಿಂದ ಜಾರಿದ ಮೇಲೆ.

ಮ್ಯಾನೇಜರು ಕೊರಳಿಗೆ ಕಟ್ಟಿದ ಬಟ್ಟೆಯ ಸಮೇತ ಎದ್ದು ನಿಂತರು. “ನಮ್ಮ ಡ್ರೈವರ್ ಕೈಯಿ ಹೇಳಿದ ಕಡೆ ಅಲ್ಲಾಡಲ್ವಾ? ಬಸ್ ತುಂಬಾ ಜನ ಇರ್ತಾರಯ್ಯಾ!” ಮೇಷ್ಟ್ರು ಇನ್ನೂ ಕೊನೆಯ ಸಾಲು ಓದಿರಲಿಲ್ಲ. ಅಷ್ಟರಲ್ಲೇ ಮ್ಯಾನೇಜರು ಹಾಳೆ ಕಿತ್ತುಕೊಂಡು ಬೀದಿಗಿಳಿದರು.

“ಸಾರ್, ಬಲಗೆನ್ನೆ!” ಎಂದು ಕೂಗುವುದೊಂದೇ ನೆಟಿಗೆಯಣ್ಣನಿಂದಾದದ್ದು.

ಸ್ವಲ್ಪ ಹೊತ್ತಿಗೆ ಹೆಂಡತಿಯ ಫೋನು ಬಂತು. “ರೀ, ನನ್ ತಮ್ಮನ್ನ ನಡುದಾರೀಲಿ ಬಸ್ಸಿಂದ ಇಳಿಸಿ ಆ ನರದ ಡಾಕ್ಟರ ಹತ್ರ ಎಳ್ಕೊಂಡು ಹೋಗಿದ್ದಾರಂತೆ. ಇಳಿಸಿದೋರ ಅರ್ಧ ಮುಖದ ಮೇಲೆ ಸೋಪಿನ ನೊರೆ ಇತ್ತಂತೆ. ಅದನ್ನ ಕೇಳಿದ ಕೂಡ್ಲೇ ಇದು ನಿಮ್ಮ ಅಂಗಡಿ ಪ್ರತಾಪ ಅಂತ ಗೊತ್ತಾಯ್ತು.”

“ನೋಡೇ, ಅದು ಬಾಯಿ ತಪ್ಪಿ...”

“ಬಾಯಿ ತಪ್ಪಿ ಅವನ ಕೆಲಸ ಹೋದ್ರೆ? ಈಗಲೇ ಹೋಗಿ ನಿಜ ಹೇಳ್ತೀರೋ, ನಾನೇ ಅಂಗಡಿಗೆ ಬಂದು ಎಲ್ಲರ ಮುಂದೆ ಹೇಳ್ಲೋ?”

ನೆಟಿಗೆಯಣ್ಣ ಕೈಯಲ್ಲಿದ್ದ ಬ್ರಷ್ಷಿನ ಸಮೇತ ಓಡಿದ.

ಡಾಕ್ಟರ ಕೋಣೆಯಲ್ಲಿ ಭಾವಮೈದುನ ಅಂಗಿ ಕಳಚಿ ಮಂಚದ ಮೇಲೆ ಮಲಗಿದ್ದ. ಪಕ್ಕದ ತಟ್ಟೆಯಲ್ಲಿ ಸೂಜಿ ಸಿದ್ಧವಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಮಾತನ್ನು ಕಣ್ಣಾರೆ ನೋಡಬೇಕಿದ್ದರೆ ಆ ಕೋಣೆಗೆ ಹೋಗಬೇಕಿತ್ತು. “ಭಾವಾ!” ಎಂದು ಅವನು ಮಲಗಿದಲ್ಲಿಂದಲೇ ಅರಚಿದ. “ಕೈ ಎತ್ತು ಅಂದ್ರು, ಎತ್ತಿದೆ. ತಳ್ಳು ಅಂದ್ರು, ತಳ್ಳಿದೆ. ಚೆನ್ನಾಗೇ ಇದೆಯಲ್ಲ ಅಂತಾರೆ, ಆದ್ರೂ ಚುಚ್ತಾರಂತೆ!”

“ಕೈ ಚೆನ್ನಾಗಿದೆ, ವರದಿ ಮಾತ್ರ ಬೇರೆ ಹೇಳ್ತಿದೆ,” ಡಾಕ್ಟರು ಗೊಂದಲದಲ್ಲಿದ್ದರು. “ಹಾಳೆ ನಮ್ಮದೇ. ಇವರನ್ನ ನೋಡಿದ ನೆನಪೇ ಇಲ್ಲ.”

ನೆಟಿಗೆಯಣ್ಣ ಒಮ್ಮೆ ಭಾವಮೈದುನನ ಮುಖ ನೋಡಿದ, ಒಮ್ಮೆ ಸೂಜಿ ನೋಡಿದ, ಕೊನೆಗೆ ಮ್ಯಾನೇಜರ ಬಲಗೆನ್ನೆಯಲ್ಲಿ ಒಣಗಿದ ನೊರೆ ನೋಡಿದ. ಜೇಬಿಗೆ ಕೈ ಹಾಕಿ ಮೊದಲ ಹಾಳೆ ತೆಗೆದು ಮೇಜಿನ ಮೇಲಿಟ್ಟ. “ನಂದು ಸಾರ್. ಕಿತ್ತೋಗಿರೋ ನರ ನಂದು.” ಹೇಳಿದ ಕೂಡಲೇ ಅವನ ಕಣ್ಣು ತುಂಬಿತು. ಇನ್ನು ಅಂಗಡಿಗೆ ಬೀಗ ಎಂದುಕೊಂಡ.

“ಕಿತ್ತುಹೋಗಿದೆ ಅಂತ ಯಾರಪ್ಪಾ ಹೇಳಿದ್ದು?” ಡಾಕ್ಟರು ಕುರ್ಚಿ ಎಳೆದು ಕೂತರು. “ಕೈಯನ್ನ ಒಂದು ದೀಪ ಅಂದ್ಕೋ. ದೀಪ ಮಿಣುಕ್ತಿದೆ. ಕೈ ಉದ್ದಕ್ಕೂ ವೈರಿಗೆ ಕರೆಂಟು ಕೊಟ್ಟು ನೋಡಿದ್ವಿ, ವೈರು ಚೆನ್ನಾಗಿದೆ. ಅದಕ್ಕೇ ನಾರ್ಮಲ್ ಅಂತ ಬರೆದಿರೋದು.”

“ಹಾಗಾದ್ರೆ ನನ್ ನೋವು ನಾಟಕ ಅಂತಲಾ ಸಾರ್?”

“ಅಲ್ಲವೇ ಅಲ್ಲ. ವೈರು ಮೇನ್ ಬೋರ್ಡಿಂದ ಹೊರಡೋ ಜಾಗ ಕತ್ತು. ಅಲ್ಲಿ ಆರನೇ ಬೇರು ಒತ್ತಿಕೊಂಡಿದೆ. ಅದು ಸೂಜಿ ಪರೀಕ್ಷೇಲಿ ಕಾಣಿಸ್ತು. ಬೇರಿನ ಕೆಲವು ಎಳೆಗಳು ಸ್ನಾಯುವಿನ ಜೊತೆ ಮಾತು ಬಿಟ್ಟಿವೆ, ಅಷ್ಟೇ. ಕೊನೇ ಸಾಲಲ್ಲಿ ‘ಮೈಲ್ಡ್’ ಅಂತ ಇದೆಯಲ್ಲ, ಅದನ್ನ ಯಾರೂ ಓದಲಿಲ್ವಾ?” ಮ್ಯಾನೇಜರು ಕಿಟಕಿಯ ಕಡೆ ನೋಡಿದರು. “ಹೆಚ್ಚಿನವರಿಗೆ ವ್ಯಾಯಾಮ, ಸ್ವಲ್ಪ ವಿಶ್ರಾಂತಿ ಸಾಕು, ತಿಂಗಳುಗಳಲ್ಲಿ ತಾನಾಗೇ ರಾಜಿ ಆಗ್ತವೆ. ಎಲ್ಲಿ, ನನ್ನ ಕೈ ಹಿಂಡು.”

ನೆಟಿಗೆಯಣ್ಣ ಹಿಂಡಿದ. ಡಾಕ್ಟರ ಮುಖ ಕಿವುಚಿತು. “ಬಿಡು ಬಿಡು! ಬಲ ಪೂರ್ತಿ ಇದೆ. ಧಾರಾಳವಾಗಿ ರೇಜರ್ ಹಿಡಿ. ಕೈ ಸೋತ್ರೆ, ವಸ್ತು ಕೈಜಾರೋಕೆ ಶುರುವಾದ್ರೆ ತಡ ಮಾಡದೆ ಬಾ. ಅಂದ ಹಾಗೆ, ಯಾರಾದ್ರೂ ನಿನ್ನ ಕತ್ತು ತಿರುಗಿಸಿ ನೆಟಿಗೆ ತೆಗೀತಾರಾ?”

“ಇಲ್ಲ ಸಾರ್,” ಎಂದ ನೆಟಿಗೆಯಣ್ಣ. ಅವನು ಹೇಳಿದ್ದು ಸುಳ್ಳಲ್ಲ.

“ತೆಗೆಸ್ಕೋಬೇಡ. ಯಾರಿಗೂ ತೆಗೀಲೂಬೇಡ. ಕತ್ತು ಆಟದ ಸಾಮಾನಲ್ಲ. ವ್ಯಾಯಾಮ ಹೇಳಿಕೊಡ್ತೀನಿ, ಸಂಜೆ ಬಾ.” ಭಾವಮೈದುನ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಆ ಮಾತನ್ನು ಗಟ್ಟಿಯಾಗಿ ನೆನಪಿಟ್ಟುಕೊಂಡ.

ಅಂಗಡಿಗೆ ವಾಪಸಾದಾಗ ಬೀದಿಗೆ ಬೀದಿಯೇ ಅಲ್ಲಿತ್ತು. ಮ್ಯಾನೇಜರು ದೊಡ್ಡ ಮನುಷ್ಯರು. ಎಲ್ಲರ ಎದುರಿಗೆ ಕುರ್ಚಿಯಲ್ಲಿ ಕೂತು, “ಡಾಕ್ಟರೇ ಹೇಳಿದ್ದಾರೆ, ಕೈ ಗಟ್ಟಿ ಇದೆ. ಬಲಗೆನ್ನೆ ಮುಗಿಸಯ್ಯಾ,” ಎಂದು ಗಂಟಲೊಡ್ಡಿದರು. ನೆಟಿಗೆಯಣ್ಣ ಅಂಥ ಶೇವಿಂಗ್ ಜೀವಮಾನದಲ್ಲೇ ಮಾಡಿರಲಿಲ್ಲ. ಒಂದು ಗೀರಿಲ್ಲ, ಒಂದು ಕೂದಲಿಲ್ಲ. ಮೇಷ್ಟ್ರು ಚಪ್ಪಾಳೆ ತಟ್ಟಿದರು. ಅವನ ಎದೆ ಹಗುರವಾಯಿತು. ಇಷ್ಟು ದಿನ ಸುಮ್ಮನೆ ಹೆದರಿದೆನಲ್ಲ ಎಂದು ನಾಚಿಕೆಯೂ ಆಯಿತು.

ಮ್ಯಾನೇಜರು ಎಂದಿನಂತೆ ಕತ್ತು ಸಡಿಲ ಬಿಟ್ಟು ಕಣ್ಣು ಮುಚ್ಚಿದರು. “ಹ್ಞೂಂ, ನೆಟಿಗೆ?”

“ಅದೊಂದು ಬೇಡ ಅಂದಿದ್ದಾರಲ್ವಾ ಸಾರ್...”

“ಯಾಕೆ ಬೇಡ ಅಂದ್ರೆ,” ಬಾಗಿಲಲ್ಲಿ ನಿಂತಿದ್ದ ಭಾವಮೈದುನ ಬಾಯಿ ಹಾಕಿದ. ಬಸ್ಸಿನಿಂದ ಇಳಿಸಿದ ಅವಮಾನ ಅವನಿಗಿನ್ನೂ ಆರಿರಲಿಲ್ಲ. “ಹಾಗೆ ಲಟಕ್ ಅನ್ನಿಸ್ಕೊಂಡೋರಿಗೆಲ್ಲ ಇವತ್ತಲ್ಲ ನಾಳೆ ಇದೇ ಗತಿಯಂತೆ. ಕತ್ತು ಆಟದ ಸಾಮಾನಲ್ವಂತೆ.”

ಅಂಗಡಿಯಲ್ಲಿದ್ದವರ ಕೈಗಳೆಲ್ಲ ಒಟ್ಟಿಗೇ ತಂತಮ್ಮ ಕತ್ತಿಗೆ ಹೋದವು. “ನನಗೂ ಹೆಬ್ಬೆರಳು ಜುಮ್ಮೆನ್ನುತ್ತಪ್ಪಾ,” ಎಂದರು ಮೇಷ್ಟ್ರು ಮೆಲ್ಲಗೆ. ಅವರು ಮೆಲ್ಲಗೆ ಮಾತಾಡಿದ್ದನ್ನು ಬೀದಿ ಅದೇ ಮೊದಲು ಕೇಳಿತು. ದರ್ಜಿಗೆ ಎರಡೂ ಹೆಬ್ಬೆರಳು ಜುಮ್ಮೆಂದವು. ನೆಟಿಗೆಯಣ್ಣ ರೇಜರ್ ತೊಳೆದು ತಿರುಗುವಷ್ಟರಲ್ಲಿ ಬೆಂಚು ಖಾಲಿ. ಕೈ ಗಟ್ಟಿ ಇತ್ತು, ರೇಜರ್ ಹರಿತವಿತ್ತು, ಗಂಟಲುಗಳು ಮಾತ್ರ ಇರಲಿಲ್ಲ.

ಸಂಜೆ ಡಾಕ್ಟರಲ್ಲಿಗೆ ಹೋದರೆ ಅವನ ಗಿರಾಕಿಗಳೆಲ್ಲ ಅಲ್ಲಿದ್ದರು. ಅಂಗಡಿಯ ಬೆಂಚಿನಲ್ಲಿ ಕೂರುವ ಕ್ರಮದಲ್ಲೇ ಸಾಲಾಗಿ ಕೂತಿದ್ದರು, ಮೇಷ್ಟ್ರು ಅಲ್ಲಿಯ ಪತ್ರಿಕೆ ಹಿಡಿದು ಗಟ್ಟಿಯಾಗಿ ಓದುತ್ತಿದ್ದರು. ಆಗಷ್ಟೇ ಹೊರಬಂದ ದರ್ಜಿ ಉರಿಯುತ್ತಿದ್ದ. “ಎಲ್ಲ ನಾರ್ಮಲ್ಲಂತೆ! ಪರೀಕ್ಷೇನೂ ಬೇಡವಂತೆ! ನಾರ್ಮಲ್ ಅಂದ್ರೆ ಏನೂ ಇಲ್ಲ ಅಂತಲ್ಲ ಮೇಷ್ಟ್ರೇ, ಡಾಕ್ಟರಿಗೆ ಗೊತ್ತಾಗಲಿಲ್ಲ ಅಂತ!”

ನೆಟಿಗೆಯಣ್ಣ ಸಾಲಿನ ತುದಿಯಲ್ಲಿ ಕೂತ. ಇಷ್ಟು ವರ್ಷ ಮೇಷ್ಟ್ರ ಓದನ್ನು ನಿಂತೇ ಕೇಳಿದ್ದವನು ಇವತ್ತು ಕೂತು ಕೇಳಿದ. ಕೇಳಲು ಹಿತವಾಗಿಯೇ ಇತ್ತು.

ಅವನ ಸರದಿ ಬಂದಾಗ ಡಾಕ್ಟರು ಬಾಗಿಲು ಹಾಕಿ ದನಿ ತಗ್ಗಿಸಿದರು. “ಮಧ್ಯಾಹ್ನದಿಂದ ನಿನ್ನ ಗಿರಾಕಿಗಳ ಕತ್ತು ನೋಡಿ ನೋಡಿ ನನ್ನ ಕತ್ತೇ ಹಿಡ್ಕೊಂಡಿದೆ. ಎಲ್ಲರೂ ನಿನ್ನ ಕೈಗುಣ ಹೊಗಳಿದ್ದೇ ಹೊಗಳಿದ್ದು. ಅದೇನೋ ಲಟಕ್ ಅಂತೆ... ಒಂದೇ ಒಂದ್ಸಲ... ಯಾರಿಗೂ ಹೇಳ್ಬೇಡ.”

“ಅಯ್ಯಯ್ಯೋ, ಬೇಡಿ ಸಾರ್! ನೀವೇ ಹೇಳಿದ್ದೀರಿ!” ನೆಟಿಗೆಯಣ್ಣ ಗಾಬರಿಯಿಂದ ತಲೆಯನ್ನು ಆ ಕಡೆ ಈ ಕಡೆ ಜೋರಾಗಿ ಅಲ್ಲಾಡಿಸಿದ. ಲಟಕ್. ಮತ್ತೆ ಲಟಕ್. ಅವನದೇ ಕತ್ತು.

ಹೊರಗೆ ಮೇಷ್ಟ್ರ ಓದು ಅರ್ಧ ವಾಕ್ಯದಲ್ಲಿ ನಿಂತಿತು. ತೆಳು ಹಲಗೆಯ ಬಾಗಿಲು ಅದು.

ನಾಚಿಕೊಂಡ ಡಾಕ್ಟರು ಬೇಗಬೇಗ ವ್ಯಾಯಾಮ ತೋರಿಸಿ, ತಮ್ಮ ಕತ್ತು ನೀವಿಕೊಳ್ಳುತ್ತಲೇ ಬಾಗಿಲು ತೆರೆದರು. ಸಾಲಿಗೆ ಸಾಲೇ ಎದ್ದು ನಿಂತಿತ್ತು. “ಡಾಕ್ಟರೇ ತೆಗೆಸ್ಕೊಂಡ್ರು!” ಎಂದು ಮೇಷ್ಟ್ರು ಇಡೀ ಬೀದಿಗೆ ಸುದ್ದಿ ಓದಿದರು.

“ಇಲ್ಲಪ್ಪಾ, ಅದು ನಂದಲ್ಲ...” ಎಂದರು ಡಾಕ್ಟರು.

“ಬಿಡಿ ಸಾರ್, ನಾವು ಯಾರಿಗೂ ಹೇಳಲ್ಲ,” ಎಂದು ದರ್ಜಿ ಕಣ್ಣು ಹೊಡೆದ.

ನೆಟಿಗೆಯಣ್ಣ ಅಂಗಡಿ ತಲುಪುವಷ್ಟರಲ್ಲಿ ಬೆಂಚು ತುಂಬಿ ಹೊರಗೂ ನಾಲ್ಕು ಜನ ನಿಂತಿದ್ದರು. ಕುರ್ಚಿಯಲ್ಲಿ ದರ್ಜಿ ಕಾಲರ್ ಗುಂಡಿ ಬಿಚ್ಚಿ, ಕತ್ತು ಸಡಿಲ ಬಿಟ್ಟು, ಕಣ್ಣು ಮುಚ್ಚಿ ಕೂತಿದ್ದ. ಆ ಸದ್ದು ತನ್ನದೆಂದು ನೆಟಿಗೆಯಣ್ಣ ಎಷ್ಟು ಆಣೆ ಮಾಡಿದರೂ ಯಾರೂ ನಂಬಲಿಲ್ಲ. “ಡಾಕ್ಟರ ಕತ್ತಿಗಾದ್ರೆ ಆಗುತ್ತೆ, ನಮ್ಮ ಕತ್ತಿಗಾದ್ರೆ ಆಗಲ್ವಾ?” ಎಂದು ಬೆಂಚು ಒಕ್ಕೊರಲಿನಲ್ಲಿ ಕೇಳಿತು. ಅವನ ಹೆಬ್ಬೆರಳು ಜುಮ್ಮೆಂದಿತು. ಆದರೂ ತುಂಬಿದ ಬೆಂಚನ್ನು ಕಂಡು ಅವನಿಗೆ ನಗು ಬಂತು, ಖುಷಿಯೂ ಆಯಿತು.

“ಮೊದಲು ಕಟಿಂಗ್ ಆಗ್ಲಿ, ನೆಟಿಗೆ ಕೊನೇಗೆ ತಾನೇ?” ಎಂದು ಕತ್ತರಿ ಎತ್ತಿಕೊಂಡ. ಆ ಕೊನೆ ಬಾರದಿರಲಿ ಎಂದು ಒಂದೊಂದೇ ಕೂದಲು ಕತ್ತರಿಸತೊಡಗಿದ. ಅಂಗಡಿ ಮುಚ್ಚುವ ಹೊತ್ತಿಗೆ ದರ್ಜಿಯ ತಲೆಯ ಮೇಲೆ ಕತ್ತರಿಸಲು ಏನೂ ಉಳಿದಿರಲಿಲ್ಲ.

ದರ್ಜಿ ಕಣ್ಣು ತೆರೆಯದೆಯೇ, “ಹ್ಞೂಂ, ಈಗ ನೆಟಿಗೆ,” ಎಂದ.