ಹಾಲು ಪೂರ್ವಕ್ಕೇ ಉಕ್ಕಿತು

ಮನೆ ಬದಲಾಯಿಸುವುದರಲ್ಲಿ ಅಂಥ ಕಷ್ಟವೇನಿದೆ ಎಂದು ಕೇಳುತ್ತಿದ್ದವನು ನಾನು. ಸಾಮಾನನ್ನು ಇಲ್ಲಿ ಎತ್ತಬೇಕು, ಅಲ್ಲಿ ಇಳಿಸಬೇಕು. ನಡುವೆ ಟೆಂಪೊ ಇದೆ. ಇಷ್ಟಕ್ಕೇ ಜನ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುವುದನ್ನು ಕಂಡರೆ ನನಗೆ ನಗು ಬರುತ್ತಿತ್ತು. ಈಗ ಯಾರಾದರೂ ಮನೆ ಬದಲಾಯಿಸುತ್ತಿದ್ದೇವೆ ಎಂದರೆ ನಾನು ನಗುವುದಿಲ್ಲ. ಅವರ ಹೆಂಡತಿಯ ಮುಖ ನೋಡುತ್ತೇನೆ.

ಹುಲಿಯೂರುದುರ್ಗದಲ್ಲಿ ನನಗೆ ಒಂದು ಜೆರಾಕ್ಸ್ ಅಂಗಡಿಯಿತ್ತು. ಇಪ್ಪತ್ತು ವರ್ಷ ಊರಿನವರ ಪಹಣಿ, ಜಾತಿ ಪ್ರಮಾಣಪತ್ರ, ಮಾರ್ಕ್ಸ್ ಕಾರ್ಡ್ ಎಲ್ಲಕ್ಕೂ ಪ್ರತಿ ತೆಗೆದು, ಲ್ಯಾಮಿನೇಷನ್ ಹಾಕಿ ಕೊಟ್ಟವನು. ನನ್ನ ಹೆಂಡತಿ ಶಶಿಕಲಾ ಅಲ್ಲಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಇಪ್ಪತ್ನಾಲ್ಕು ವರ್ಷ ನರ್ಸ್ ಆಗಿದ್ದಳು. ಆ ಸುತ್ತಿನ ಅರ್ಧ ಮಕ್ಕಳು ಭೂಮಿಗೆ ಬಿದ್ದು ಮೊದಲು ನೋಡಿದ್ದು ಅವಳ ಮುಖವನ್ನು. ನರ್ಸಿಂಗ್ ಹೋಮಿನ ಡಾಕ್ಟರು ಕಾಯಿಲೆ ಬಿದ್ದಾಗ ಅವಳನ್ನು ಹಾಸಿಗೆಯ ಪಕ್ಕಕ್ಕೆ ಕರೆದು, "ಶಶಿ, ನಾನಿದ್ದಾಗ್ಲೇ ಇದನ್ನ ಇಸ್ಕೊಂಬುಡಮ್ಮ" ಎಂದು ಒಂದು ಹಾಳೆ ಕೊಟ್ಟರು. ಇಪ್ಪತ್ನಾಲ್ಕು ವರ್ಷದ ಅನುಭವದ ಸರ್ಟಿಫಿಕೇಟ್. ಕೆಳಗೆ ನೀಲಿ ಇಂಕ್ ಪೆನ್ನಿನಲ್ಲಿ ಅವರ ಸಹಿ, ಪಕ್ಕದಲ್ಲಿ ಮೊಹರು. ಎರಡು ತಿಂಗಳಿಗೆ ಅವರು ತೀರಿಕೊಂಡರು. ನರ್ಸಿಂಗ್ ಹೋಮಿಗೆ ಬೀಗ ಬಿತ್ತು.

"ರೀ, ಇದಕ್ಕೆ ಎರಡು ಜೆರಾಕ್ಸ್ ತೆಗ್ದು ಲ್ಯಾಮಿನೇಷನ್ ಮಾಡ್ಕೊಡಿ" ಎಂದು ಶಶಿ ಅವತ್ತೇ ಹೇಳಿದ್ದಳು.

"ನಾಳೆ ಮಾಡ್ಕೊಡ್ತೀನಿ" ಎಂದಿದ್ದೆ ನಾನು.

ಸ್ವಂತ ಅಂಗಡಿ, ಸ್ವಂತ ಮೆಷೀನು, ಅವಸರವೇನು? ಹೀಗೆ ಒಂದು ವರ್ಷ ದಿನಾ ನಾಳೆಯೇ ಆಯಿತು. ಅಷ್ಟರಲ್ಲಿ ಶಶಿಗೆ ತುಮಕೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಹೆರಿಗೆ ವಾರ್ಡಿನ ಉಸ್ತುವಾರಿ. ಸಂದರ್ಶನದ ದಿನ ಅವರು ಬರೀ ಮಾತಾಡಿಸಿ, "ಸೋಮವಾರ ಒರಿಜಿನಲ್ ಸರ್ಟಿಫಿಕೇಟ್ ತಂದು ಕೆಲಸಕ್ಕೆ ಸೇರ್ಕೊಳ್ಳಿ" ಎಂದಿದ್ದರು. ಮಗಳು ಮದುವೆಯಾಗಿ ಗುಬ್ಬಿಯಲ್ಲಿದ್ದಾಳೆ, ಊರಿನಲ್ಲಿ ಉಳಿದಿದ್ದು ನಾವಿಬ್ಬರೇ. ನಾನು ಅಂಗಡಿಯನ್ನೂ ಮೆಷೀನನ್ನೂ ಗಿರಾಕಿ ಬಂದ ದಿನವೇ ಮಾರಿ, ಹೆಂಡತಿಯ ಉದ್ಯೋಗಕ್ಕಾಗಿ ತ್ಯಾಗ ಮಾಡಿದ ಗಂಡನೆಂದು ಬೀದಿಯಲ್ಲಿ ನಾಲ್ಕು ಜನರಿಂದ ಅನ್ನಿಸಿಕೊಂಡೆ. ಶಶಿಯ ಹಾಳೆಗೆ ಪ್ರತಿ ತೆಗೆದಿಲ್ಲ ಎಂಬುದು ನೆನಪಾದದ್ದು ಮೆಷೀನು ಗಾಡಿ ಹತ್ತಿ ಕುಣಿಗಲ್ ದಾಟಿದ ಮೇಲೆ.

"ತುಮಕೂರಲ್ಲಿ ಗಲ್ಲಿಗೊಂದು ಜೆರಾಕ್ಸ್ ಅಂಗಡಿ ಇರ್ತವೆ ಕಣೇ" ಎಂದೆ.

ಭಾನುವಾರದಿಂದ ಆಷಾಢ. ಆಷಾಢದಲ್ಲಿ ಹೊಸ ಮನೆಗೆ ಹೋಗುವಂತಿಲ್ಲ, ಶನಿವಾರ ಅಮಾವಾಸ್ಯೆ. ಆದ್ದರಿಂದ ಶುಕ್ರವಾರವೇ ಹಾಲು ಉಕ್ಕಿಸಿಬಿಡಬೇಕು, ಸಾಮಾನು ಹಿಂದಿನಿಂದ ಬಂದರೆ ನಡೆಯುತ್ತದೆ ಎಂದು ನಾನೇ ತೀರ್ಮಾನಿಸಿದೆ. ಬೆಳಗಿನ ಬಸ್ಸಿಗೆ ಹೊರಟೆವು. ಶಶಿಯ ಕೈಯಲ್ಲಿ ದೇವರ ಫೋಟೊ, ದೀಪ, ಅಕ್ಕಿ, ಉಪ್ಪು. ನನ್ನ ಕೈಯಲ್ಲಿ ಸರ್ಟಿಫಿಕೇಟ್ ಫೈಲು. ಅದನ್ನು ಟೆಂಪೊದಲ್ಲಿ ಹಾಕಲು ಅವಳಿಗೆ ಧೈರ್ಯವಿರಲಿಲ್ಲ. ನನ್ನ ಕೈಗೆ ಕೊಡುವ ಧೈರ್ಯ ಹೇಗೆ ಬಂತೋ ತಿಳಿಯದು.

ತುಮಕೂರಿಗೆ ನಾನು ಹೊಸಬನಲ್ಲ. ಮದುವೆ ಬಟ್ಟೆಗೆ ಬಂದಿದ್ದೇನೆ, ಕೋರ್ಟಿಗೆ ಬಂದಿದ್ದೇನೆ. ಆದರೆ ಸಂಜೆ ಬಸ್ಸಿಗೆ ವಾಪಸ್ಸು ಹೋಗುವವನಿಗೆ ಕಾಣುವ ಊರೇ ಬೇರೆ, ಇಲ್ಲೇ ಇರಬೇಕು ಎಂದು ಬಂದವನಿಗೆ ಕಾಣುವ ಊರೇ ಬೇರೆ. ಬಟವಾಡಿಯಲ್ಲಿ ಇಳಿದು ರಸ್ತೆ ದಾಟಲು ನಮಗೆ ಕಾಲು ಗಂಟೆ ಬೇಕಾಯಿತು. ದೇವರ ಫೋಟೊ ಹಿಡಿದು ಡಿವೈಡರ್ ಮೇಲೆ ನಿಂತಿದ್ದ ನಮ್ಮನ್ನು ನೋಡಿ ಒಬ್ಬರು ಬೈಕ್ ನಿಲ್ಲಿಸಿ ಕೈ ಮುಗಿದು ಹೋದರು. ಉಪ್ಪಾರಹಳ್ಳಿ ಬಡಾವಣೆಯಲ್ಲಿ ನಾವು ಹಿಡಿದಿದ್ದ ಬಾಡಿಗೆ ಮನೆ ಸಿಗಲು ಆಟೊದವನು ಮೂರು ಕ್ರಾಸ್ ಸುತ್ತಿಸಿದ. ಶಶಿ ಆಟೊದಲ್ಲಿ ನನ್ನ ತೋಳು ಹಿಡಿದುಕೊಂಡೇ ಕುಳಿತಿದ್ದಳು. ಹೆರಿಗೆ ಕೋಣೆಯಲ್ಲಿ ಎಂಥದ್ದಕ್ಕೂ ಹೆದರದವಳು.

ಮನೆ ಮಾಲೀಕರಾದ ರಂಗಮ್ಮನವರು ಕೆಳಗಿನ ಮನೆಯಲ್ಲಿದ್ದರು. ವಯಸ್ಸಾದವರು, ಒಬ್ಬರೇ. ತಮ್ಮ ಪುಟ್ಟ ಗ್ಯಾಸ್ ಸ್ಟವ್ ತಂದು ಅಡುಗೆಮನೆ ಕಟ್ಟೆಯ ಮೇಲೆ ಇಟ್ಟುಕೊಟ್ಟರು. "ಹಾಲು ಪೂರ್ವಕ್ಕೆ ಉಕ್ಬೇಕು ಕಣಪ್ಪ. ಪೂರ್ವಕ್ಕುಕ್ಕಿದ್ರೆ ಹಿಡ್ದ ಕೆಲ್ಸ ಗಟ್ಟಿ" ಎಂದರು.

ಈ ಮಾತು ನನ್ನ ತಲೆಯಲ್ಲಿ ಕೂತಿತು. ಶಶಿಯ ಕೆಲಸ ಗಟ್ಟಿಯಾಗಬೇಕು. ಇದನ್ನು ಹಾಲಿನ ಇಷ್ಟಕ್ಕೆ ಬಿಡುವುದು ಜವಾಬ್ದಾರಿಯುಳ್ಳ ಗಂಡನ ಲಕ್ಷಣವಲ್ಲ. ಮೊಬೈಲಿನಲ್ಲಿ ದಿಕ್ಕು ನೋಡಿಕೊಂಡೆ. ಸ್ಟವ್‌ನ ಪಶ್ಚಿಮದ ಕಾಲಿನ ಕೆಳಗೆ ರಟ್ಟು ಮಡಿಸಿ ಇಟ್ಟು ಪೂರ್ವಕ್ಕೆ ಓರೆ ಮಾಡಿದೆ. ಅರ್ಧ ಲೀಟರ್ ಸಾಕು ಎಂದು ಶಶಿ ಹೇಳಿದ್ದಳು. ನಾನು ಎರಡು ಲೀಟರ್ ತಂದಿದ್ದೆ. ಎರಡನ್ನೂ ಎರಡೇ ಲೀಟರ್ ಹಿಡಿಯುವ ಪಾತ್ರೆಗೆ ಸುರಿದೆ. ಕಟ್ಟೆಯ ಮೇಲೇ, ಪೂರ್ವದ ಗೋಡೆಗೆ ದೇವರ ಫೋಟೊ ಒರಗಿಸಿ, ಅದರ ಮುಂದೆ ಸರ್ಟಿಫಿಕೇಟ್ ಫೈಲನ್ನು ಮಲಗಿಸಿ, ಮೇಲೆ ಒಂದು ಹೂವಿಟ್ಟೆ. ದೇವರ ಪಾದದ ಹತ್ತಿರ ಇದ್ದರೆ ಅದಕ್ಕಿಂತ ಸುರಕ್ಷಿತ ಜಾಗ ಯಾವುದಿದೆ?

"ಫೈಲು ಮೇಲ್ಗಡೆ ಶೆಲ್ಫಲ್ಲಿ ಇಡಿ" ಎಂದಳು ಶಶಿ.

"ಪೂಜೆ ಆಗ್ಲಿ ಇರು" ಎಂದೆ.

ಅಷ್ಟರಲ್ಲಿ ರಂಗಮ್ಮನವರು ಅರಿಶಿನ ಕುಂಕುಮ ತೆಗೆದುಕೊಳ್ಳಲು ಅವಳನ್ನು ಕೆಳಗೆ ಕರೆದರು. "ಉಕ್ಕೋ ಹೊತ್ತಿಗೆ ಕೂಗ್ರೀ" ಎಂದು ಹೇಳಿ ಹೋದಳು.

ನಾನು ಕೂಗಲಿಲ್ಲ. ಕೂಗಲು ಬಾಯಿ ತೆರೆದಾಗಲೇ ಹಾಲು ಉಕ್ಕಿತು. ಎಂಥ ಉಕ್ಕು! ಒಂದು ಹನಿಯೂ ದಾರಿ ತಪ್ಪಲಿಲ್ಲ. ನಾನು ಹಾಕಿಕೊಟ್ಟ ಇಳಿಜಾರಿನಲ್ಲಿ ನೇರ ಪೂರ್ವಕ್ಕೆ ಹರಿದು, ಕಟ್ಟೆಯುದ್ದಕ್ಕೂ ಸಾಗಿ, ಫೈಲಿನೊಳಗೆ ಪ್ರವೇಶ ಮಾಡಿತು. ಹಾಲು ಪೂರ್ವಕ್ಕೆ ಹೊರಟದ್ದನ್ನು ಕಂಡೊಡನೆ ನಾನು ಕೈ ಮುಗಿದು ಕಣ್ಣು ಮುಚ್ಚಿದ್ದೆ. ಕಣ್ಣು ಬಿಟ್ಟಾಗ ಹೂವು ತೇಲುತ್ತಿತ್ತು.

ಮಾರ್ಕ್ಸ್ ಕಾರ್ಡುಗಳಿಗೆಲ್ಲ ಲ್ಯಾಮಿನೇಷನ್ ಇತ್ತು. ಅವಕ್ಕೆ ಏನೂ ಆಗಲಿಲ್ಲ. ಊರಿಗೆಲ್ಲ ಲ್ಯಾಮಿನೇಷನ್ ಹಾಕಿದವನ ಮನೆಯಲ್ಲಿ ಲ್ಯಾಮಿನೇಷನ್ ಇಲ್ಲದ ಹಾಳೆ ಒಂದೇ ಒಂದಿತ್ತು. ಅದು ಹಾಲು ಕುಡಿದು ಅಂಟಾಗಿ ಕುಳಿತಿತ್ತು. ಡಾಕ್ಟರ ಸಹಿ ನೀಲಿ ಮಚ್ಚೆಯಾಗಿ ಹರಡುತ್ತಿತ್ತು. ಗಾಬರಿಯಲ್ಲಿ ಒದ್ದೆ ಟವೆಲಿನಿಂದ ಒರೆಸಿದೆ. ಮಚ್ಚೆಯೂ ಅರ್ಧ ಹೋಯಿತು.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಹಾಳೆಯನ್ನು ಫೈಲಿಗೆ ತುರುಕಿ, ಫೈಲನ್ನು ಫೋಟೊದ ಹಿಂದಕ್ಕೆ ತಳ್ಳಿದೆ. ರಂಗಮ್ಮನವರು ಒಳಗೆ ಬಂದು ಕಟ್ಟೆ ನೋಡಿ ಕೆನ್ನೆ ಕೆನ್ನೆ ಬಡಿದುಕೊಂಡರು. "ಎಷ್ಟ್ ಚೆನ್ನಾಗಿ ಉಕ್ಕೈತೆ ನೋಡವ್ವ. ನಾ ಈ ಮನೆ ಕಟ್ಸಿದಾಗ್ಲೂ ಹಿಂಗ್ ಉಕ್ಕಿರ್ಲಿಲ್ಲ."

ಶಶಿಯ ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೆ. ಆಗ ಹೇಳಿಬಿಡಬೇಕಿತ್ತು. ನಾನು ಕಟ್ಟೆ ಒರೆಸತೊಡಗಿದೆ.

ಶನಿವಾರ ಸಾಮಾನು ಬಂತು. ಭಾನುವಾರ ಸಂಜೆ ಶಶಿ ರಂಗಮ್ಮನವರ ಜೊತೆ ತರಕಾರಿಗೆ ಹೋದಾಗ ನಾನು ದುರಸ್ತಿ ಕಾರ್ಯ ಕೈಗೊಂಡೆ. ಹಾಳೆ ಸುಕ್ಕುಗಟ್ಟಿತ್ತು. ಪಂಚೆ ಹಾಸಿ, ಮೇಲೆ ಹಾಳೆಯನ್ನು ಕವುಚಿ, ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡಿ ಒತ್ತಿದೆ. ಪ್ರಿಂಟಾದ ಅಕ್ಷರಕ್ಕೆ ಬಿಸಿ ತಗುಲಿದರೆ ಕರಗಿ ಅಂಟಿಕೊಳ್ಳುತ್ತದೆ ಎಂದು ಇಪ್ಪತ್ತು ವರ್ಷ ಗಿರಾಕಿಗಳಿಗೆ ಪಾಠ ಹೇಳಿದವನು ನಾನೇ. ಹಾಳೆ ಎತ್ತಿದಾಗ "ಇಪ್ಪತ್ನಾಲ್ಕು ವರ್ಷ" ಎಂಬುದು ಪಂಚೆಯ ಮೇಲೆ ತಿರುಗುಮುರುಗಾಗಿ ಮೂಡಿತ್ತು. ಹಾಳೆಯಲ್ಲಿ ಉಳಿದಿದ್ದು ಅದರ ನೆರಳು.

ಇಲ್ಲಿಗಾದರೂ ನಿಲ್ಲಿಸಿದ್ದರೆ ನಾನು ಬರೀ ಮುಟ್ಠಾಳನಾಗಿ ಉಳಿಯುತ್ತಿದ್ದೆ. ನಿಲ್ಲಿಸಲಿಲ್ಲ. ಡಾಕ್ಟರ ಸಹಿ ನನಗೆ ಗೊತ್ತಿಲ್ಲದ್ದೇ? ಅವರ ಎಷ್ಟು ಚೀಟಿಗೆ ಪ್ರತಿ ತೆಗೆದಿದ್ದೇನೆ! ನೀಲಿ ಪೆನ್ನು ತೆಗೆದುಕೊಂಡೆ. ಮೊದಲು ಅಕ್ಷರಗಳನ್ನು ತಿದ್ದಿದೆ. ಆಮೇಲೆ ಮಚ್ಚೆಯ ಮೇಲೆ ಸತ್ತವರ ಸಹಿ ಹಾಕಿದೆ. ಕೈ ನಡುಗುತ್ತಿತ್ತು. ದೂರದಿಂದ ನೋಡಿದರೆ ಪರವಾಗಿಲ್ಲ ಅನ್ನಿಸಿತು. ಎದುರು ಗೋಡೆಯ ಹತ್ತಿರ ನಿಂತು ನೋಡಿದೆ.

ಸೋಮವಾರ ಬೆಳಿಗ್ಗೆ ಫೈಲಿನ ಸುತ್ತ ಇರುವೆ ಸಾಲು. ಊದಿ ಊದಿ ಓಡಿಸುತ್ತಿದ್ದೆ. ನಾನು ಏನೋ ಮಂತ್ರ ಹೇಳುತ್ತಿದ್ದೇನೆ ಎಂದು ಶಶಿ ತಿಳಿದಳು. ಇಸ್ತ್ರಿ ಮಾಡಿದ ಬಿಳಿ ಸೀರೆ ಉಟ್ಟಿದ್ದಳು. ಫೈಲನ್ನು ಕಣ್ಣಿಗೊತ್ತಿಕೊಂಡು, ತೆರೆಯದೆ, ಚೀಲಕ್ಕೆ ಹಾಕಿಕೊಂಡಳು. ಆಸ್ಪತ್ರೆಯ ಆಫೀಸಿನಲ್ಲಿ ಅಧಿಕಾರಿಯೊಬ್ಬರು ನಮ್ಮನ್ನು ಕೂರಿಸಿ, ಕಾಫಿ ತರಿಸಿ, ಫೈಲು ಬಿಚ್ಚಿದರು. ಮೂಗು ಸ್ವಲ್ಪ ಹಿಂದೆ ಎಳೆದುಕೊಂಡರು. ಅನುಭವದ ಸರ್ಟಿಫಿಕೇಟಿನ ಮಡಿಕೆಯಿಂದ ಒಂದು ಇರುವೆ ಹೊರಟು ಮೇಜಿನ ಮೇಲೆ ನಿಧಾನವಾಗಿ ನಡೆಯಿತು. ನಾವು ಮೂವರೂ ಅದನ್ನೇ ನೋಡಿದೆವು.

ಶಶಿ ಹಾಳೆಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಇರುವೆಯನ್ನು ನೋಡುತ್ತಲೇ ಇದ್ದೆ.

"ಇದು ಒದ್ದೆ ಆಗಿದೆ, ಸರಿ" ಎಂದರು ಆ ಅಧಿಕಾರಿ, ಬಹಳ ಮೆಲ್ಲಗೆ. "ಬರೀ ಒದ್ದೆ ಆಗಿದ್ರೆ ನಾನು ಹೇಗೋ ನೋಡ್ತಿದ್ದೆ. ಮೇಲೆ ಯಾರೋ ಬರ್ದಂಗಿದೆಯಲ್ಲಮ್ಮ. ಈ ಸಹಿ ಡಾಕ್ಟರದ್ದೇನಾ?"

ಹೂಂ ಎಂದಿದ್ದರೆ ಸಾಕಿತ್ತು. ಸತ್ತವರು ಬಂದು ಅಲ್ಲ ಎನ್ನುತ್ತಿರಲಿಲ್ಲ. ನಾನು ಮೇಜಿನ ಕೆಳಗೆ ಅವಳ ಕಾಲು ತುಳಿದೆ.

"ಅಲ್ಲ ಸರ್. ಇದು ಅವರ ಸೈನ್ ಅಲ್ಲ" ಎಂದಳು ಶಶಿ.

ಅಧಿಕಾರಿ ಒಳ್ಳೆಯವರು. ಪೊಲೀಸು ಗಿಲೀಸು ಎನ್ನಲಿಲ್ಲ. ಒಳಗೆ ಹೋಗಿ ಯಾರೊಡನೆಯೋ ಮಾತಾಡಿ ಬಂದರು. ಉಸ್ತುವಾರಿಯ ಕೆಲಸಕ್ಕೆ ಅನುಭವದ ದಾಖಲೆ ಇಲ್ಲದೆ ಆಗುವುದಿಲ್ಲವಂತೆ. ಓದಿದ ಸರ್ಟಿಫಿಕೇಟು ಸರಿಯಿರುವುದರಿಂದ ಹೊಸಬರ ಜೊತೆ ಟ್ರೇನಿಯಾಗಿ ಸೇರಬಹುದಂತೆ. ನಲವತ್ತೇಳು ವರ್ಷದ ಶಶಿ "ಆಗ್ಲಿ ಸರ್" ಎಂದು ಸಹಿ ಹಾಕಿದಳು. ಅವಳ ಕೈ ನಡುಗಲಿಲ್ಲ.

ಆಟೊದಲ್ಲಿ ನಾನು ಬೈಗುಳಕ್ಕೆ ಕಾದು ಕುಳಿತೆ. ಬಟವಾಡಿ ದಾಟಿದರೂ ಬರಲಿಲ್ಲ. ಈ ಸಲ ನನ್ನ ತೋಳನ್ನೂ ಹಿಡಿದುಕೊಳ್ಳಲಿಲ್ಲ.

"ಹಾಲು ಚೆಲ್ತು ಅಂತ ಹೇಳಿದ್ರೆ ಆಗ್ತಿತ್ತಲ್ಲ ರೀ" ಎಂದಳು ಕೊನೆಗೆ. ಫೈಲನ್ನು ತೊಡೆಯ ಮೇಲೆ ಇಟ್ಟುಕೊಂಡು, "ಅವ್ರು ಸಾಯೋ ಹಾಸಿಗೇಲಿ ಮಲಗಿದ್ದಾಗ ಹಾಕಿದ್ ಸೈನ್ ಅದು. ಆಗ್ಲೂ ಅವ್ರ ಕೈ ನಡುಗಿರ್ಲಿಲ್ಲ" ಎಂದಳು.

ನಾನು ಸೀಟಿನ ಮೂಲೆಗೆ ಸರಿದು ಕುಳಿತೆ. ಜೀವನದಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ಗೇಟಿನಲ್ಲಿ ರಂಗಮ್ಮನವರು ಕಾಯುತ್ತಿದ್ದರು. "ಕೆಲ್ಸ ಗಟ್ಟಿ ಆಯ್ತಾ ಮಗ? ನಾ ಅವತ್ತೇ ಅಂದೆ, ಹಾಲು ಹಂಗುಕ್ಕಿದ್ ಮೇಲೆ ಇನ್ನೇನು."

"ಆಯ್ತು ಅಮ್ಮ" ಎಂದಳು ಶಶಿ.

ಈಗ ಅವಳು ದಿನಾ ಬೆಳಿಗ್ಗೆ ಟ್ರೇನಿ ಎಂದು ಬರೆದ ಬ್ಯಾಡ್ಜು ಹಾಕಿಕೊಂಡು ಹೋಗುತ್ತಾಳೆ. ಅವಳಿಗೆ ಕೆಲಸ ಹೇಳುವ ಸಿಸ್ಟರ್ ನಮ್ಮ ಕಡೆಯ ಹುಡುಗಿಯೇ, ಇಪ್ಪತ್ತಮೂರು ವರ್ಷ. ಆ ಹುಡುಗಿ ಹುಟ್ಟಿದಾಗ ಬೆನ್ನು ತಟ್ಟಿ ಮೊದಲ ಸಲ ಅಳಿಸಿದವಳು ಶಶಿ. ಆ ಹುಡುಗಿಗೆ ಇದು ಗೊತ್ತಿಲ್ಲ, ಶಶಿ ಹೇಳಿಲ್ಲ. ನಾನು ಬಟವಾಡಿಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಯಾರು ಎಂಥ ಕಾಗದ ತಂದರೂ ಪ್ರತಿ ತೆಗೆಯದೆ ಬಿಡುವುದಿಲ್ಲ. ಬೇಡ ಎಂದರೂ ತೆಗೆಯುತ್ತೇನೆ, ಅದಕ್ಕೆ ಮಾಲೀಕರು ಎರಡು ಸಲ ಗದರಿದ್ದಾರೆ.

ಅಲ್ಲಿ ಸೇರಿದ ಮೊದಲ ದಿನವೇ ಶಶಿಗೆ ಹೇಳಿದೆ: "ಆಸ್ಪತ್ರೆಯವ್ರು ಕೊಟ್ಟ ಆರ್ಡರ್ ಕೊಡು, ಲ್ಯಾಮಿನೇಷನ್ ಮಾಡ್ಕೊಂಡು ಬರ್ತೀನಿ."

ಅವಳು ಕುಕ್ಕರಿನ ಮುಚ್ಚಳ ಹಾಕುತ್ತಾ, ಕೋಪವೇನೂ ಇಲ್ಲದೆ, "ನಾಳೆ ಕೊಡ್ತೀನಿ" ಎಂದಳು.

ಐದು ತಿಂಗಳಾಯಿತು. ದಿನಾ ಕೇಳುತ್ತೇನೆ, ದಿನಾ ಅದೇ ಉತ್ತರ. ಮೊನ್ನೆ ಬಾಡಿಗೆ ಕೊಡಲು ಕೆಳಗೆ ಹೋಗಿದ್ದೆ. ರಂಗಮ್ಮನವರು ಬೀರು ತೆರೆದಾಗ ಒಳಗೆ, ಅವರ ರೇಷ್ಮೆ ಸೀರೆಗಳ ನಡುವೆ, ಶಶಿಯ ಫೈಲು ಕಂಡಿತು. ನಾನು ಕೈ ಚಾಚುವ ಮೊದಲೇ ಅವರು ಬೀರುವಿಗೆ ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.