ಮುಳ್ಳಿಗೆ ಜಗ್ಗದ ಟೈರು

ನರ್ಸಬಾಯಿ ಅಂದಕೂಡ್ಲೇ ಮಂದಿ ನಾ ಮಾಡಿಸಿದ ಹೆರಿಗಿ ಸುದ್ದಿ ಕೇಳ್ತಾರ. ನನಗ ಮಾತ್ರ ಮೊದಲ ನೆನಪಾಗೂದು ಟೈರು. ಹುನಗುಂದ ದವಾಖಾನಿಯೊಳಗ ನನ್ನ ಕೈಗೆ ಸೈಕಲ್ ಕೊಟ್ಟ ದಿನದಿಂದ ಟೈರಿನ ಫಜೀತಿ ಒಂದರ ಹಿಂದ ಒಂದು ಆಗ್ತಾನ ಬಂದಾವ. ಆಗಿನ್ನೂ ನಾವು ಮುಂಬೈ ಸರಕಾರದಾಗ ಇದ್ವಿ. ಹುಬ್ಬಳ್ಳ್ಯಾಗ ಸೂಲಗಿತ್ತಿ ವಿದ್ಯಾ ಕಲತು ಬಂದಿದ್ನಿ, ಮೈಯಾಗ ಹುರುಪು ಇತ್ತು, ಗಾಡಿ ಹೊಡ್ಯಾಕ ಯಾವ ಗಂಡಸಿಗೂ ಕಡಿಮಿ ಇರಲಿಲ್ಲ. ಕಡಿಮಿ ಇದ್ದದ್ದು ಗಾಲಿಯೊಳಗಿನ ಗಾಳಿ ಅಷ್ಟ.

೧. ತೊಟ್ಟಿಲ ಬಾಯಿ

ನಮ್ಮ ಕಡೆ ಚಳಿಗಾಲ ಬಂತಂದ್ರ ಹೊಲಕ್ಕ ಬೇಲಿ ಹಚ್ಚೋ ಕಾಲ. ಜ್ವಾಳ ತೆನಿ ಹಿಡಿಯೂದ್ರೊಳಗ ಜಾಲಿ ಕಂಟಿ ಕಡದು ಬಂಡಿ ತುಂಬ ಹೇರಿಕೊಂಡು ಹೋಗ್ತಾರ. ಬಂಡಿ ಮುಂದ ಹೋಗ್ತೈತಿ, ಮುಳ್ಳು ದಾರಿ ತುಂಬ ಉದುರ್ತಾವ, ಹಿಂದ ನಾ ಬರ್ತೇನಿ. ಮೊದಲನೇ ಚಳಿಗಾಲದಾಗ ನಾ ಸೈಕಲ್ ಮ್ಯಾಲೆ ಕುಂತದ್ದಕಿಂತ ಅದನ್ನ ನೂಕಿದ್ದ ಹೆಚ್ಚು.

ಒಂದು ಹಳ್ಳಿಗೆ ಹಂಗ ನೂಕ್ಕೊಂಡು ಹೋಗಿ ಮುಟ್ಟಿದ್ರ, ಕೂಸು ಹುಟ್ಟಿ, ಹಾಲ ಕುಡದು, ಮಲಗಿಬಿಟ್ಟಿತ್ತು. ಕುಡಗೋಲಿಂದ ಹೊಕ್ಕಳಬಳ್ಳಿ ಕೊಯ್ದಿದ್ರು. ಲಗೂನ ಚೀಲಾ ಬಿಚ್ಚಿ ಹೊಕ್ಕಳಕ್ಕ ಔಷಧ ಹಚ್ಚಿದ್ನಿ. ಆ ಕುಡಗೋಲು ತಪ್ಪಸಾಕ ಅಲ್ಲೇನು ನಾ ಕಲತು ಬಂದದ್ದು? ಕೂಸಿನ ಅಜ್ಜಿಗೆ ಅದರ ಖಬರಿಲ್ಲ. ಚಾ ತಂದು ಕೊಟ್ಟು ಭಾಳ ಅಕ್ಕರತಿಲೆ ಅಂದ್ಲು:

“ಕುಂಡರ್ರಿ ಬಾಯಾರ. ತೊಟ್ಟಿಲಕ್ಕ ಹಾಕೂದು ಇನ್ನೂ ಹನ್ನೆರಡ ದಿನ ಐತಿ. ಭಾಳ ಲಗೂನ ಬಂದೀರಿ.”

ಅಲ್ಲಿಂದ ಊರೂರಿಗೆ ನನ್ನ ಹೆಸರು ತೊಟ್ಟಿಲ ಬಾಯಿ ಅಂತ ಆತು. ಮುಂದಿನ ಚಳಿಗಾಲದಾಗ ಒಂದ ಮನಿಗರ ಕೂಸಿನಕಿಂತ ಮೊದಲ ನಾ ಮುಟ್ಟಬೇಕು ಅಂತ ಹಟಾ ತೊಟ್ನಿ.

೨. ಬಾಗಲಕೋಟಿ ಅಂಗಡ್ಯಾಗ

ಟೈರ್ ತರಾಕ ಬಾಗಲಕೋಟಿಗೆ ಹೋದ್ನಿ. ಅಂಗಡಿಯವರು ನನ್ನ ನೋಡಿ, ಮೆತ್ತನ್ನ ತೆಳ್ಳನ್ನ ಟೈರೊಂದು ಮುಂದ ಇಟ್ರು. “ಹೆಂಗಸರ ಗಾಡಿಗೆ ಇದ ಛಲೋರಿ. ಹೂವಿನಂಗ ಓಡ್ತೈತಿ.”

ನಾ ಚೀಲದಾಗಿಂದ ಒಂದು ಜಾಲಿ ಮುಳ್ಳು ತಗದ್ನಿ. ಹುನಗುಂದದಿಂದನ ಹಾಳ್ಯಾಗ ಸುತ್ತಿಕೊಂಡು ಹೋಗಿದ್ನಿ. ಒತ್ತಿದ್ರ ಈ ಕಡೆ ಹೊಕ್ಕದ್ದು ಆ ಕಡೆ ಬಂತು.

“ಅಯ್ಯಯ್ಯ, ಏನ ಮಾಡಿದ್ರಿ ಬಾಯಾರ!” ಅಂತ ಎದಿ ಹಿಡಕೊಂಡ್ರು.

“ಸೂಜಿ ಚುಚ್ಚೂದು ನನ್ನ ಉದ್ಯೋಗರಿ. ಇನ್ನೊಂದು ತೋರಸ್ರಿ.”

ಇನ್ನೊಂದು ಚುಚ್ಚಗೊಡಲಿಲ್ಲ. ಮಾಳಿಗಿಗೆ ತೂಗು ಹಾಕಿದ್ದ ಒಂದು ದಪ್ಪನ್ನ ಟೈರಿನ ಮ್ಯಾಲೆ ನನ್ನ ಕಣ್ಣ ಬಿತ್ತು. ನಡುವ ರಬ್ಬರ್ ಬೊಟ್ಟಿನಷ್ಟ ದಪ್ಪ, ಮಗ್ಗಲದಾಗೂ ಗಟ್ಟಿ, ಗೀರು ಸಣ್ಣಸಣ್ಣವು, ಹಳ್ಳು ಮುಳ್ಳು ಸಿಕ್ಕೊಳ್ಳಾಕ ಜಾಗಾನ ಇಲ್ಲ. ಇದ ನೋಡು ನನ್ನದು ಅಂದ್ನಿ.

“ಅದು ಬ್ಯಾಡ್ರಿ. ಹಾಲಿನ ಕ್ಯಾನು, ಚಿಮಣಿ ಎಣ್ಣಿ ಡಬ್ಬಿ ಹೊರೋ ಗಾಡಿಗೆ ಹಾಕೂದದು. ಹೇರು ಭಾರ ಇದ್ದವ್ರಿಗೆ ಅಷ್ಟರಿ.”

ನಾ ಸೆರಗು ಸರಿ ಮಾಡ್ಕೊಂಡು ನೆಟ್ಟಗ ನಿಂತು ಕೇಳಿದ್ನಿ, “ನನ್ನ ಒಮ್ಮೆ ಪೂರಾ ನೋಡಿ ಹೇಳ್ರಿ. ಹಗುರ ಕಾಣ್ತೇನಿ ನಾ?”

ಅವರು ಮ್ಯಾಲಿಂದ ಕೆಳಗ ನೋಡಿದ್ರು. ಏಣಿ ತಂದು ಅಂಥಾವ ಎರಡು ಟೈರ್ ಇಳಿಸಿದ್ರು.

೩. ಖಂಡೇ ಪೂಜಿ

ಇಳಕಲ್ಲಿನ ಸೈಕಲ್ ರಿಪೇರಿಯವರ ಕಡೆ ಎರಡೂ ಗಾಲಿಗೆ ಆ ಟೈರ್ ಹಾಕಿಸಿ, ಒಳಗ ಹಳೇ ಟ್ಯೂಬಿನ ಪಟ್ಟಿ ಹಾಸಿಸಿದ್ನಿ. ಗಾಡಿ ಜರಾ ಭಾರಾತು ಖರೆ, ಆದ್ರ ಬೇಕಂತನ ಜಾಲಿ ಕಂಟಿ ಮ್ಯಾಲೆ ಹಾಯಿಸಿದ್ರೂ ಏನೂ ಆಗಲಿಲ್ಲ. ದವಾಖಾನಿ ಡಾಕ್ಟರು ಸುದ್ದಾ ಹೊರಗ ಬಂದು ಒತ್ತಿ ನೋಡಿ ಹೋದ್ರು.

ಮಹಾನವಮಿಗೆ ಖಂಡೇ ಪೂಜಿ, ಅಂದ್ರ ಆಯುಧ ಪೂಜಿ, ಬಂತು. ದವಾಖಾನಿಯ ನಮ್ಮ ಆಯಾ ಭಾಳ ಭಕ್ತಿವಂತಿ. ಸೈಕಲ್ಲಿಗೆ ವಿಭೂತಿ ಹಚ್ಚಿ, ಚಂಡುಹೂವಿನ ಮಾಲಿ ಹಾಕಿ, ದಿಷ್ಟಿ ಆಗಬಾರದಂತ ಗಾಲಿ ಕೆಳಗ ಒಂದು ಲಿಂಬಿಹಣ್ಣ ಇಟ್ಲು. “ಹಾಯಿಸ್ರಿ ಬಾಯಾರ.”

ಹಾಯಿಸಿದ್ನಿ. ಲಿಂಬಿಹಣ್ಣ ಪಚಕ್ ಅಂತು. ಅದರ ಬೆನ್ನಿಗೇ ಗಾಲಿ ಉಸ್ ಅಂತು.

ಬಗ್ಗಿ ನೋಡಿದ್ರ, ಆ ಲಿಂಬಿಹಣ್ಣಿಗೆ ಮೆಣಸಿನಕಾಯಿ ಪೋಣಸಾಕ ಹೋಗಿ ಗೋಣಿ ಹೊಲಿಯೋ ದಬ್ಬಣ ಅದರೊಳಗ ಮುರದು ಬಿಟ್ಟಿದ್ಲು. ದಾರ್ಯಾಗಿನ ಮುಳ್ಳು ಮಾಡಲಾರದ್ದನ್ನ ಬಾಗಲಾಗಿನ ಪೂಜಿ ಮಾಡಿತ್ತು. ನನಗ ಮೈಯೆಲ್ಲಾ ಉರೀತು. ಆಯಾ ಗಾಬರಿ ಆಗ್ಲಿಲ್ಲ, ಎರಡೂ ಕೈ ಮುಗದ್ಲು.

“ನೋಡಿದ್ರಿಲ್ಲೋ, ಕಣ್ಣ ಎಷ್ಟ ಕೆಟ್ಟದ್ದಿತ್ತು! ಲಿಂಬಿಹಣ್ಣ ಇಡದಿದ್ರ ಎರಡೂ ಗಾಲಿ ಹೋಗ್ತಿದ್ವು.”

೪. ಅಜ್ಜಾರ ಪರೀಕ್ಷಾ

ಪಂಚರ್ ತಿದ್ದಿಸಿದ ಮ್ಯಾಲೆ ಚಳಿಗಾಲ ಕಾಯ್ತಾ ಕುಂತ್ನಿ. ಒಂದಿನ ಅಮೀನಗಡ ದಾರೀಲೆ ಗಾಡಿ ಹೊಡಕೊಂಡು ಹೊಂಟಿದ್ನಿ. ಒಬ್ಬ ಅಜ್ಜಾರು ಏದುಸಿರು ಬಿಡ್ತಾ ಎದರಿಗೆ ಬಂದವರು ನನ್ನ ಗಾಲಿ ನೋಡಿ ನಿಂತಬಿಟ್ರು.

“ಏನ ಟೈರ್ರೀ ಇದು! ಎತ್ತಿನ ಗೊರಸು ಇದ್ದಂಗೈತಿ!”

ಹೊಗಳಿದ್ರ ಯಾರಿಗೆ ಬ್ಯಾಡ? ನಾನೂ ಇಳದ್ನಿ. ಅವರು ಒತ್ತಿ ನೋಡಿದ್ರು, ಉಗುರಿಲೆ ಕೆರದ್ರು. ಕಂಟಿ ಹರದು ತಂದು ತಾವೂ ಚುಚ್ಚಿ ನೋಡಿದ್ರು. ನಾನೂ ಬಾಗಲಕೋಟಿ ಅಂಗಡಿ ಕಥಿ ಉಪ್ಪುಖಾರ ಹಚ್ಚಿ ಹೇಳಿದ್ನಿ. ಅಜ್ಜಾರು ಒಂದು ಸಲ ತಂಬಾಕು ಅಗಿಯೂವಷ್ಟು ಹೊತ್ತು ಹೋತು.

“ಅದಿರ್ಲಿ ಅಜ್ಜಾರ, ಓಡಿಕೋತ ಎಲ್ಲಿಗೆ ಹೊಂಟಿದ್ರಿ?”

ಅಜ್ಜಾರು ತಂಬಾಕು ಉಗುಳಿ ಹಣಿ ಬಡಕೊಂಡ್ರು. “ಅಯ್ಯ ಶಿವನ! ಸೊಸಿಗೆ ಬ್ಯಾನಿ ಸುರು ಆಗ್ಯಾವಂತ ನರ್ಸಬಾಯಿನ್ನ ಕರ್ಯಾಕ ಹೊಂಟಿದ್ನಿ!”

ಅವರನ್ನ ಹಿಂದ ಕುಂಡ್ರಿಸಿಕೊಂಡು ಜೀವಾ ಬಿಟ್ಟು ತುಳದ್ನಿ. ಟೈರು ಒಂದ ಮುಳ್ಳಿಗೂ ಜಗ್ಗಲಿಲ್ಲ. ಬಾಗಲಾ ಮುಟ್ಟೂದಕ್ಕ ಒಳಗ ಕೂಸು ಅತ್ತಿತು, ಈ ಸಲನೂ ಅದ ಗೆದ್ದಿತ್ತು. ಅಜ್ಜಾರು ಮಾತ್ರ ಇಳದವರು ಮತ್ತ ಟೈರ್ ಮುಟ್ಟಿ ನೋಡಿದ್ರು: “ಇಬ್ಬರು ಕುಂತ್ರೂ ತಗ್ಗಿಲ್ಲ ನೋಡ್ರಿ!”

೫. ಮನಿ ತುಂಬ ಬಿಚ್ಚಿದ್ದು

ಕಡೀಕ ನನ್ನ ದಿನಾ ಬಂತು. ಇಳಕಲ್ ಹತ್ತಿರದ ಹಳ್ಳ್ಯಾಗ ನೇಕಾರರ ಮನಿ, ಮಗಳ ಚೊಚ್ಚಲ ಹೆರಿಗಿ. ಬೆಳಗಾಮುಂಜಾನೆ ಮಂಜಿನ್ಯಾಗ ಕರ್ಯಾಕ ಬಂದ್ರು. ಗಾಲಿ ಕಲ್ಲಿನಂಗ ಆಗೂತನಕ ಗಾಳಿ ಹೊಡದು ಹೊಂಟ್ನಿ. ದಾರಿ ತುಂಬ ಕಂಟಿ ಬಿದ್ದಿದ್ವು. ಅವುಗಳ ಮ್ಯಾಲೇನ ಹಾಯ್ಸಿ ಹೋದ್ನಿ. ಮನಿ ಮುಟ್ಟಿ “ಕೂಸು?” ಅಂತ ಕೇಳಿದ್ರ, “ಇನ್ನೂ ಇಲ್ಲರಿ” ಅಂದ್ರು. ಆ ಮಾತಿನಷ್ಟು ರುಚಿ ಮಾತು ನಾ ಇವತ್ತಿಗೂ ಕೇಳಿಲ್ಲ!

ಹೆರಿಗಿ ಬಿಗಿ ಇತ್ತು. ಹುಡುಗಿ ದಣದಿದ್ಲು, ನನಗೂ ಒಳಗೊಳಗ ಅಂಜಿಕಿ. ಹೊರಗ ಆಕಿ ಅಜ್ಜಿ ಓಡ್ಯಾಡೂದು ಕೇಳ್ತಿತ್ತು. ಮಧ್ಯಾಹ್ನಕ್ಕ “ತಲಿ ಕಾಣ್ತು!” ಅಂತ ಒದರಿದ್ನಿ. ಸ್ವಲ್ಪ ಹೊತ್ತಿಗೆ ಗಂಡಮಗ ಕಿಟಾರನ ಕಿರಚಿದ. ತಾಯಿ ಕೂಸು ಇಬ್ಬರೂ ಸುಖರೂಪ. ಹೊಕ್ಕಳಬಳ್ಳಿ ನನ್ನ ಕತ್ತರೀಲೇನ ಕೊಯ್ದ್ನಿ. ಕಣ್ಣಾಗ ನೀರ ಬಂತು, ಖರೇನ.

ಎದಿ ಉಬ್ಬಿಸಿಕೊಂಡು ಹೊರಗ ಬಂದು ನೋಡಿದ್ರ ಸೈಕಲ್ಲಿನ ಎರಡೂ ಗಾಲಿ ನೆಲಾ ಕಚ್ಚಿದ್ವು!

ಸುತ್ತೆಲ್ಲಾ ಹುಡುಕಿದ್ನಿ. ಒಂದ ಮುಳ್ಳಿಲ್ಲ, ಒಂದ ಮೊಳಿ ಇಲ್ಲ. ಅಜ್ಜಿ ತಲಿಗೂದಲ ಹರವಿಕೊಂಡು ನಕ್ಕೋತ ಬಂದ್ಲು.

“ಹುಡುಕಬ್ಯಾಡ್ರಿ ಬಾಯಾರ, ನಾನ ಬಿಟ್ಟೇನಿ ಗಾಳಿ. ಬಸರಿ ಬ್ಯಾನಿ ತಿನ್ನೂವಾಗ ಮನ್ಯಾಗ ಬಿಗದದ್ದು, ಕಟ್ಟಿದ್ದು ಏನೂ ಇರಬಾರದಲ್ಲ? ಪೆಟಿಗಿ ಕೀಲಿ ತಗದ್ನಿ. ಆಕಳ ಬಿಚ್ಚಿದ್ನಿ. ಮಗ್ಗದ ಹಗ್ಗ ಸಡ್ಲ ಮಾಡಿದ್ನಿ, ನನ್ನ ತುರುಬು ಬಿಚ್ಚಿದ್ನಿ. ಆದ್ರೂ ಕೂಸು ಬರವಲ್ದು! ಇನ್ನೇನ ಬಿಗಿ ಉಳದೈತಿ ಅಂತ ಹುಡುಕ್ಕೋತ ಬಂದು ನಿಮ್ಮ ಗಾಲಿ ಹಿಚುಕಿದ್ನಿ. ಅಬಬಬ, ಎಷ್ಟ ಬಿಗಿ! ಹಿಂದಿನ ಗಾಲಿ ಬಿಟ್ನಿ, ನೀವ ತಲಿ ಕಾಣ್ತು ಅಂದ್ರಿ. ಮುಂದಿನದ ಬಿಟ್ನಿ, ಕೂಸು ಅತ್ತಿತು!”

ಇಂಥಾ ಟೈರಿಗೆ ಪಂಪ್ ಯಾಕ ಬೇಕಂತ ಅದನ್ನ ಹುನಗುಂದದಾಗ ಬಿಟ್ಟಿದ್ನಿ. ನೂಕ್ಕೋತ ಹೊಂಟ್ನಿ. ದಾರಿಯ ಹಳ್ಳ್ಯಾಗಿನ ಮಂದಿ ನಿಂತು ಸೈಕಲ್ಲಿಗೆ ಕೈ ಮುಗದ್ರು. ಸುದ್ದಿ ನನಗಿಂತ ಮೊದಲ ಮುಟ್ಟಿತ್ತು.

ಮರುವಾರ ದವಾಖಾನಿಗೆ ಒಬ್ಬರು ಓಡಿ ಬಂದ್ರು. “ಮಗಳಿಗೆ ಬ್ಯಾನಿ ಸುರು ಆಗ್ಯಾವ್ರಿ, ಲಗೂ!”

ನಾ ಇನ್ನೊಬ್ಬಾಕಿ ಗಾಯಕ್ಕ ಪಟ್ಟಿ ಕಟ್ಟಾಕ ಹತ್ತಿದ್ನಿ. “ಬಂದ್ನಿ, ಇದೊಂದು ಮುಗಿಸಿ ಬರ್ತೇನಿ ನಿಂದರ್ರಿ” ಅಂದ್ನಿ.

“ನಿಮ್ಮ ಕೆಲಸ ಸಾವಕಾಶ ಮಾಡ್ರಿ ಬಾಯಾರ,” ಅಂದ್ರು ಅವರು, “ಸೈಕಲ್ಲಿಗೆ ಬಿಗಿ ಗಾಳಿ ಹೊಡಸಿ ಕೊಟ್ಟಬಿಡ್ರಿ ಸಾಕು, ನಾ ಒಯ್ತೇನಿ. ಮನ್ಯಾಗ ನಾವ ಬಿಡ್ತೇವಿ.”