ವ್ಯಾನಿನ ಗಾಳಿ ಡಬ್ಬಿಯ ಕಿರಿಚಾಟ

ಆಗ ನನಗೆ ಅರವತ್ತಾರು. ಇದು ನಡೆದು ಹದಿನಾಲ್ಕೋ ಹದಿನೈದೋ ವರ್ಷ ಆಗಿರಬೇಕು. ಈಗ ನನಗೆಷ್ಟು ಎಂದು ನೀವೇ ಕೂಡಿಸಿಕೊಳ್ಳಿ, ನಾನು ಕೂಡಿಸುವುದನ್ನು ಬಿಟ್ಟು ಬಹಳ ಕಾಲವಾಯಿತು. ಮನೆಯಲ್ಲಿ ಕೂಗುವ ವಸ್ತುವಿಗೆ ಮರ್ಯಾದೆ ಇರುವುದಿಲ್ಲ. ಕುಕ್ಕರ್ ಕೂಗಿದರೆ ಒಲೆ ಆರಿಸುತ್ತಾರೆ. ಅಲಾರಾಂ ಕೂಗಿದರೆ ಅದರ ತಲೆಗೆ ಮೊಟಕುತ್ತಾರೆ. ನಾನು ಕೂಗಿದರೆ ಟೀವಿಯ ಸದ್ದು ಜಾಸ್ತಿ ಮಾಡುತ್ತಾರೆ. ಇಂಥ ಮನೆಯ ವ್ಯಾನಿಗೆ ಒಂದು ಕೂಗುವ ಡಬ್ಬಿ ಬಂತು. ಅದರ ಗತಿ ಏನಾಯಿತು ಎಂದು ಹೇಳುತ್ತೇನೆ.

ನಮ್ಮ ಮನೆ ಚಾಮರಾಜಪೇಟೆ, ನನ್ನ ತರಕಾರಿ ಅಂಗಡಿ ಗಾಂಧಿ ಬಜಾರ್. ಅಂಗಡಿ ಎಂದರೆ ನಾಲ್ಕು ಗೋಣಿಚೀಲ ಹಾಸಿ, ಮೇಲೊಂದು ನೀಲಿ ಟಾರ್ಪಾಲು ಕಟ್ಟಿದ ಜಾಗ. ಬೆಳಕು ಹರಿಯುವ ಮೊದಲೇ ಸಿಟಿ ಮಾರ್ಕೆಟ್ಟಿಗೆ ಹೋಗಿ ಮಾಲು ತರಬೇಕು. ಮಂಡಿ ಗಟ್ಟಿ ಇದ್ದಾಗ ಬಸ್ಸು ಹತ್ತುತ್ತಿದ್ದೆ. ಮಂಡಿ ಕೈಕೊಟ್ಟ ಮೇಲೆ ಆಟೋದವರನ್ನು ಬೇಡುತ್ತಿದ್ದೆ. ಅವರು ಮೊದಲು ನನ್ನ ಮೂಟೆಯನ್ನು ನೋಡುತ್ತಿದ್ದರು, ಆಮೇಲೆ ಆಕಾಶವನ್ನು ನೋಡುತ್ತಿದ್ದರು. ಆಗ ನನ್ನ ಮಗ ನಾಗರಾಜ ಒಂದು ಹಳೇ ವ್ಯಾನು ಕೊಂಡ. ಅವನಿಗೆ ಪ್ರೆಸ್ಸಿನಲ್ಲಿ ರಾತ್ರಿ ಪಾಳಿ, ಬೆಳಿಗ್ಗೆ ಬಂದು ಮಲಗಿದರೆ ಮನೆ ಬಿದ್ದರೂ ಏಳುವುದಿಲ್ಲ. ಹಾಗಾಗಿ ವ್ಯಾನು ಕಲಿತವಳು ಸೊಸೆ ಶಾರದೆ. ಬೀದಿಯವರು ಬಾಯಿಗೆ ಬಂದದ್ದು ಆಡಿದರು. ನಾನೂ ಆಡಿದೆ, ಸುಳ್ಳು ಹೇಳುವುದಿಲ್ಲ. ಮೊದಲ ತಿಂಗಳು ಅವಳ ಪಕ್ಕದಲ್ಲಿ ಕಣ್ಣು ಮುಚ್ಚಿಯೇ ಕೂತಿರುತ್ತಿದ್ದೆ. ಆಮೇಲೆ ಗೊತ್ತಾಯಿತು, ಅವಳು ಓಡಿಸುವುದು ನಾನು ನಡೆಯುವುದಕ್ಕಿಂತ ನೆಟ್ಟಗಿದೆ.

ಶಾರದೆಗೆ ಇದ್ದದ್ದು ಒಂದೇ ಚಟ, ಎಳೇ ಸೌತೆಕಾಯಿ. ಮಾಲು ಇಳಿಸುವಾಗ ಅವಳ ಕೈ ನೇರವಾಗಿ ಆ ಚೀಲಕ್ಕೇ ಹೋಗುತ್ತಿತ್ತು. ನಾನು ಕೈ ಮೇಲೆ ಒಂದು ಕೊಡುತ್ತಿದ್ದೆ. "ಬೋಣಿ ಆಗಿಲ್ಲ, ತೆಗಿಯೇ ಕೈನ!" ದಿನದ ಮೊದಲ ವ್ಯಾಪಾರ ಆಗುವ ತನಕ ಅಂಗಡಿಯಿಂದ ಒಂದು ಕರಿಬೇವಿನ ಎಲೆಯನ್ನೂ ಪುಕ್ಕಟೆ ಕೊಡಬಾರದು. ನಮ್ಮ ಅತ್ತೆ ಕೊಟ್ಟವಳಲ್ಲ, ನಾನೂ ಕೊಟ್ಟವಳಲ್ಲ. ಬೋಣಿ ಆಗುವ ಹೊತ್ತಿಗೆ ಶಾರದೆ ಮಕ್ಕಳನ್ನು ಸ್ಕೂಲಿಗೆ ಹೊರಡಿಸಲು ಮನೆಗೆ ಹೋಗಿರುತ್ತಿದ್ದಳು. ಹೀಗೆ ಅವಳಿಗೆ ಸೌತೆಕಾಯಿ ಸಿಕ್ಕಿದ್ದೇ ಇಲ್ಲ.

ಡಬ್ಬಿ ತಂದವನು ಅವಳ ತಮ್ಮ. ಜೆ.ಸಿ. ರಸ್ತೆಯಲ್ಲಿ ಕಾರಿನ ಅಲಂಕಾರದ ಸಾಮಾನು ಮಾರುವವನು. ನಾಲ್ಕು ಚಕ್ರದ ಗಾಳಿ ಮೂತಿಗೆ ನಾಲ್ಕು ಪುಟ್ಟ ಮುಚ್ಚಳ ತಿರುಗಿಸಿ ಹಾಕಿದ, ಸ್ಟೇರಿಂಗಿನ ಪಕ್ಕ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ ಅಂಟಿಸಿದ. ಯಾವ ಚಕ್ರದಲ್ಲಿ ಗಾಳಿ ಎಷ್ಟಿದೆ ಎಂದು ಅದು ಅಂಕಿಯಲ್ಲಿ ತೋರಿಸುತ್ತದೆ, ಕಮ್ಮಿಯಾದರೂ ಜಾಸ್ತಿಯಾದರೂ ಕೂಗುತ್ತದೆ. ಅಕ್ಷರ ನನಗೆ ಆಗ ಅಷ್ಟಕ್ಕಷ್ಟೇ, ಆದರೆ ಅಂಕಿ ಚೆನ್ನಾಗಿ ಗೊತ್ತು. ತಕ್ಕಡಿ ಹಿಡಿದವಳಿಗೆ ಅದೂ ಗೊತ್ತಿಲ್ಲದಿದ್ದರೆ ಹೇಗೆ? ದಸರಾ ತನಕ ಡಬ್ಬಿ ಬಾಯಿ ಮುಚ್ಚಿಕೊಂಡು ಇತ್ತು. ಆಯುಧಪೂಜೆ ಕಳೆದು ಸ್ವಲ್ಪ ದಿನಕ್ಕೆ ಶುರು ಮಾಡಿತು ನೋಡಿ, ಮುಂದಿನ ಎಡಗಡೆ ಚಕ್ರ ತೋರಿಸಿ ಕೀಂ ಕೀಂ ಕೀಂ.

ಪಂಕ್ಚರ್ ಅಂಗಡಿಯ ಬಾಷಾ ಹತ್ತಿರ ನಿಲ್ಲಿಸಿದೆವು. ಅವನು ಮುಂದಿನ ಎಡ ಚಕ್ರಕ್ಕೆ ತನ್ನ ಮೀಟರು ಹಿಡಿದು, "ಅಮ್ಮಾ, ಗಾಳಿ ಬರೋಬ್ಬರಿ ಇದೆ" ಎಂದ.

"ಡಬ್ಬಿ ಇಲ್ಲ ಅಂತಿದೆಯಲ್ಲಪ್ಪ."

"ಡಬ್ಬಿ ಮಾತು ಕೇಳ್ತೀರೋ, ನನ್ ಮಾತು ಕೇಳ್ತೀರೋ?"

"ಇಬ್ಬರದೂ ಬೇಡ, ಸ್ವಲ್ಪ ಗಾಳಿ ಹಾಕು."

ಹಾಕಿದ. ಡಬ್ಬಿ ಸುಮ್ಮನಾಗಲಿಲ್ಲ. ಮರುದಿನ ಇನ್ನೊಂದಿಷ್ಟು ಹಾಕಿಸಿದೆ. ಈಗ ಒಂದು ದೀಪದ ಜೊತೆ ಇನ್ನೊಂದು ದೀಪವೂ ಹತ್ತಿಕೊಂಡು ಡಬ್ಬಿ ಎರಡು ರಾಗದಲ್ಲಿ ಕೂಗತೊಡಗಿತು. ಗಾಳಿ ಹಾಕಿದಷ್ಟೂ ಬೊಬ್ಬೆ ಹೆಚ್ಚಾಯಿತು. ಯಾರದೋ ಕಣ್ಣು ಬಿದ್ದಿದೆ ಎಂದು ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ವ್ಯಾನಿನ ಬಾಗಿಲಲ್ಲೇ ಸುಟ್ಟೆ. ನಾನು ಕೆಮ್ಮಿದೆ, ಶಾರದೆ ಕೆಮ್ಮಿದಳು, ಡಬ್ಬಿ ಕೆಮ್ಮಲಿಲ್ಲ, ಕೂಗಿತು. ಟವೆಲ್ಲಿನಲ್ಲಿ ಸುತ್ತಿದೆ. ಒಳಗಿನಿಂದ ಇಲಿಮರಿಯ ಹಾಗೆ ಕೂಗಿತು.

ನನಗೇನೋ ಕಿವಿ ಅರ್ಧ ಮಂದ, ತಡೆದುಕೊಂಡೆ. ಶಾರದೆಯ ಕಣ್ಣು ರಸ್ತೆ ಬಿಟ್ಟು ಡಬ್ಬಿಯ ಕಡೆಗೇ ಹೋಗತೊಡಗಿತು. ಒಂದು ದಿನ ಮಾರ್ಕೆಟ್ಟಿನ ತಿರುವಿನಲ್ಲಿ ಅದು ಕೀಂ ಎಂದದ್ದೇ ತಡ, ಗಾಬರಿಯಲ್ಲಿ ಬ್ರೇಕ್ ತುಳಿದಳು. ಹಿಂದಿನಿಂದ ಟೊಮೇಟೊ ಬುಟ್ಟಿ ಹಾರಿ ಬಂದು ನನ್ನ ಬೆನ್ನ ಮೇಲೆ ಸಾರು ಮಾಡಿತು. ನಾನು ಅವಳನ್ನು ಬೈದ ಬೈಗುಳಕ್ಕೆ ಪಕ್ಕದ ಲಾರಿಯವನು ತನ್ನ ಕಿಟಕಿ ಏರಿಸಿಕೊಂಡ.

ಸುದ್ದಿ ಕೇಳಿದ ನಾಗರಾಜ, "ಸಾಕಮ್ಮ. ಎಲ್ಲಾದ್ರೂ ಗುದ್ದಿ ಇಬ್ಬರೂ ಆಸ್ಪತ್ರೆ ಸೇರ್ತೀರಿ. ಶನಿವಾರ ಸಾಯಂಕಾಲ ಗಿರಾಕಿ ಬರ್ತಾನೆ, ವ್ಯಾನ್ ಕೊಟ್ಬಿಡ್ತೀನಿ" ಎಂದ.

"ನನ್ನ ಅಂಗಡಿ?"

"ವಯಸ್ಸಾಯ್ತಲ್ಲ, ಮನೇಲಿ ಹಾಯಾಗಿರು."

ಮನೆಯಲ್ಲಿ ಹಾಯಾಗಿರುವವರನ್ನು ನಾನು ನೋಡಿದ್ದೇನೆ. ನಮ್ಮ ಓರಗಿತ್ತಿ ಹಾಗೇ ಇದ್ದಳು. ಬೆಳಿಗ್ಗೆ ಎದ್ದು ಇವತ್ತು ಎಲ್ಲಿ ನೋಯುತ್ತದೆ ಎಂದು ಹುಡುಕುವುದೇ ಅವಳಿಗೆ ಕೆಲಸ. ವ್ಯಾನು ಹೋದರೆ ಅಂಗಡಿ ಹೋಯಿತು, ಅಂಗಡಿ ಹೋದರೆ ನಾನೂ ಗೋಡೆಗೆ ಒರಗಿದ ಹಾಗೆಯೇ. ಶಾರದೆ ವ್ಯಾನಿನ ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಓಡಾಡಿದಳು. ಅವಳಿಗೂ ಬಿಡುವ ಮನಸ್ಸಿಲ್ಲ ಎಂದು ನನಗೆ ಅಷ್ಟರಲ್ಲೇ ತಿಳಿಯಿತು.

ಶನಿವಾರ ಮಧ್ಯಾಹ್ನ ಊಟ ಮಾಡಿ ನಾನು ಎದ್ದೆ. "ನಡಿಯೇ, ಆ ಮುಚ್ಚಳ ನಾಲ್ಕೂ ಕಿತ್ತು ನಿನ್ ತಮ್ಮನ ಮುಖಕ್ಕೆ ಎಸೆಯೋಣ. ಕೂಗು ನಿಂತ್ರೆ ನಿನ್ ಗಂಡ ಏನ್ ನೆಪ ಹೇಳ್ತಾನೋ ನೋಡ್ತೀನಿ." ಅವಳು ಒಳಗೆ ಕೂತು ಕೀ ತಿರುಗಿಸಿದಳು. ಡಬ್ಬಿ ಎಂದಿನ ಹಾಗೆ ಶುರು ಮಾಡಿತು. ನಾನು ಹಿಂದಿನ ಬಲ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತೆ. ಎಡಗಡೆ ಚಕ್ರಗಳ ಪಕ್ಕ ಚರಂಡಿ ಇತ್ತು, ಅದಕ್ಕೇ ಇಲ್ಲಿಂದ ಶುರು. ಮುಚ್ಚಳ ತಿರುಗಿಸಿ ತೆಗೆದೆ. ಒಳಗಿನಿಂದ ಶಾರದೆ ಕೂಗಿದಳು.

"ಅತ್ತೆ, ಮುಂದಿಂದ್ ತೆಗೆದ್ರಾ?"

"ಇಲ್ಲ ಕಣೆ, ಹಿಂದಿಂದು."

"ಇಲ್ಲಿ ಮುಂದಿನ ಎಡಗಡೇದು ಸೊನ್ನೆ ಆಯ್ತು!"

"ಸರಿಯಾಗಿ ನೋಡು, ಕಣ್ಣಿಗೇನಾಗಿದೆ?"

"ನನ್ ಕಣ್ಣು ಚೆನ್ನಾಗಿದೆ. ನಿಮ್ ಕೈಯಲ್ಲಿರೋದನ್ನ ನೋಡ್ಕೊಳ್ಳಿ."

ನೋಡಿಕೊಂಡೆ. ಮುಚ್ಚಳದ ಒಳಸುತ್ತಿನಲ್ಲಿ ಕುಂಕುಮ ಮೆತ್ತಿಕೊಂಡಿತ್ತು. ಶಾರದೆ ಇಳಿದು ಬಂದಳು, ಅವಳೂ ನೋಡಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಯುಧಪೂಜೆಯ ದಿನ ವ್ಯಾನು ತೊಳೆಯುವಾಗ ಈ ಮುಚ್ಚಳಗಳನ್ನು ಬಿಚ್ಚಿದ್ದೆವು. ಇವೂ ಆಯುಧವೇ ತಾನೇ ಎಂದು ತಕ್ಕಡಿ, ಬಟ್ಟು, ಈಳಿಗೆಮಣೆಯ ಜೊತೆ ತಟ್ಟೆಯಲ್ಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ಮಂಗಳಾರತಿ ಎತ್ತಿದ್ದೆವು. ಆಮೇಲೆ ಎರಡು ಅವಳು ಹಾಕಿದಳು, ಎರಡು ನಾನು ಹಾಕಿದೆ. ಒಂದೊಂದು ಮುಚ್ಚಳಕ್ಕೂ ಅದರದೇ ಚಕ್ರ ಇದೆ ಎಂದು ಯಾರಿಗೆ ಹೊಳೆಯಬೇಕು? ನೋಡಲು ನಾಲ್ಕೂ ಅವಳಿಜವಳಿಯ ಹಾಗಿವೆ.

ಅಂದರೆ ಡಬ್ಬಿ ಇಷ್ಟು ದಿನವೂ ನಿಜವನ್ನೇ ಹೇಳುತ್ತಿತ್ತು. ಗಾಳಿ ಇಳಿಯುತ್ತಿದ್ದದ್ದು ಹಿಂದಿನ ಬಲ ಚಕ್ರದ್ದು. ನಾವು ಮಾತ್ರ ಮುಂದಿನ ಎಡಕ್ಕೆ ತುಂಬಿ ತುಂಬಿ ಅದನ್ನು ಒಬ್ಬಟ್ಟು ತಿಂದ ಹೊಟ್ಟೆ ಮಾಡಿದ್ದೆವು. ಹಿಂದಿನದು ತಗ್ಗಿದ್ದು ಕಂಡಿತ್ತು, ಆದರೆ ಮೇಲೆ ಆಲೂಗಡ್ಡೆ ಮೂಟೆ ಇದ್ದರೆ ತಗ್ಗದೆ ಇನ್ನೇನು ಎಂದುಕೊಂಡಿದ್ದೆವು. ಪಾಪದ ಡಬ್ಬಿ. ಅದೂ ನನ್ನ ಜಾತಿಯದೇ. ತಕರಾರು ಸರಿಯಾಗಿರುತ್ತದೆ, ತೋರಿಸುವ ಬೆರಳು ಮಾತ್ರ ಇನ್ನೊಬ್ಬರ ಕಡೆ.

ನಾನು ಒಂದೊಂದೇ ಮುಚ್ಚಳ ಬಿಚ್ಚಿದೆ, ಯಾವ ಅಂಕಿ ಸೊನ್ನೆಯಾಯಿತು ಎಂದು ಅವಳು ಒಳಗಿನಿಂದ ಕೂಗಿದಳು. ಹೀಗೆ ನಾಲ್ಕನ್ನೂ ಅವುಗಳ ಮನೆಗೆ ಸೇರಿಸಿದೆವು. ಚರಂಡಿಯ ಕಡೆಯವನ್ನೂ ಬಿಡಲಿಲ್ಲ. ಮುಂದೆ ಅದಲುಬದಲಾಗದಿರಲಿ ಎಂದು ಶಾರದೆ ತನ್ನ ಉಗುರುಬಣ್ಣ ತಂದು ಗುರುತು ಹಾಕಿದಳು. ಬಾಷಾ ಮುಂದಿನ ಚಕ್ರದ ಗಾಳಿ ಇಳಿಸಿ, ಹಿಂದಿನ ಚಕ್ರ ಬಿಚ್ಚಿ ಒಂದು ಮೊಳೆ ಎಳೆದ. "ಅಮ್ಮಾ, ಲೋಡಲ್ಲಿ ಇದು ಸಿಡಿದಿದ್ರೆ ಗಾಡಿ ಮಗುಚ್ತಿತ್ತು" ಎಂದ. ಶಾರದೆ ಅಲ್ಲೇ ಪಂಕ್ಚರ್ ಅಂಗಡಿಯ ಕಲ್ಲಿನ ಮೇಲೆ ಕೂತುಬಿಟ್ಟಳು. ನಾನು ನಿಂತೇ ಇದ್ದೆ. ಕೂತರೆ ಏಳುವುದು ಕಷ್ಟ.

ಸಾಯಂಕಾಲ ಗಿರಾಕಿ ಬಂದ, ನಾಗರಾಜನ ಜೊತೆ ವ್ಯಾನನ್ನು ಒಂದು ಸುತ್ತು ಓಡಿಸಿ ತಂದ. ಡಬ್ಬಿ ಉಸಿರೆತ್ತಲಿಲ್ಲ. ಗಿರಾಕಿಗೆ ಎಲ್ಲಕ್ಕಿಂತ ಡಬ್ಬಿಯೇ ಹಿಡಿಸಿಬಿಟ್ಟಿತು. "ಇಂಥ ಸಾಮಾನು ದೊಡ್ಡ ಕಾರಲ್ಲೂ ಇಲ್ಲ ಸಾರ್. ಇದನ್ನ ಯಾಕೆ ಮಾರ್ತೀರಿ?" ಎಂದ.

ನಾಗರಾಜ ನನ್ನ ಮುಖ ನೋಡಿದ. ಶಾರದೆ ಸೆರಗಿನ ಖಾಲಿ ಗಂಟು ಹಿಡಿದು ನಿಂತಿದ್ದಳು.

"ಅದನ್ನೇ ನಾನೂ ಕೇಳ್ತಿದೀನಪ್ಪ. ಮಾರೋದಿಲ್ಲ, ಕಾಫಿ ಕುಡಿದು ಹೋಗು" ಎಂದೆ.

ನಾಗರಾಜ ತಲೆ ಕೆರೆದುಕೊಂಡು ಬೀಗದ ಕೈಯನ್ನು ಹೆಂಡತಿಯ ಕಡೆ ಚಾಚಿದ. ಅವಳು ಕಸಿದುಕೊಂಡ ರಭಸಕ್ಕೆ ಅವನ ಬೆರಳು ಉಳಿದದ್ದೇ ಹೆಚ್ಚು.

ಮರುದಿನ ಬೆಳಿಗ್ಗೆ ಎಂದಿನಂತೆ ಮಾರ್ಕೆಟ್ಟಿಗೆ ಹೋಗಿ ಗಾಂಧಿ ಬಜಾರಿಗೆ ಬಂದೆವು. ದಾರಿಯುದ್ದಕ್ಕೂ ಸದ್ದಿಲ್ಲ, ಕೂಗಲು ಇದ್ದವಳು ನಾನೊಬ್ಬಳೇ. ಮೂಟೆ ಇಳಿಸಿದೆವು. ಶಾರದೆಯ ಕೈ ಅಭ್ಯಾಸಬಲದಿಂದ ಚೀಲದ ತನಕ ಹೋಗಿ, ತಾನಾಗಿಯೇ ಹಿಂದಕ್ಕೆ ಬಂತು. ಟಾರ್ಪಾಲು ಇನ್ನೂ ಕಟ್ಟಿರಲಿಲ್ಲ, ಬೋಣಿಯ ಮಾತು ದೂರವೇ ಇತ್ತು. ನಾನು ಚೀಲ ಬಿಚ್ಚಿ, ಎಲ್ಲಕ್ಕಿಂತ ಎಳೆಯ ಸೌತೆಕಾಯಿ ಹುಡುಕಿ, ಸೆರಗಿಗೆ ಒರೆಸಿ ಅವಳ ಕೈಗೆ ಕೊಟ್ಟೆ. ಅವಳು ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದಳು. "ನೋಡ್ತಾ ನಿಂತ್ರೆ ಬಾಡುತ್ತೆ, ತಿನ್ನು" ಎಂದು ಗದರಿ, ಆ ಕಡೆ ತಿರುಗಿ ಟಾರ್ಪಾಲು ಕಟ್ಟಿದೆ.